ಮೂರು ತಿಂಗಳು ಮುಚ್ಚಿಡುವ ಸುದ್ದಿ, ಮೊದಲ ತಿಂಗಳಿಗೇ ಬೇಕಾದ ಸೊಪ್ಪು

ಶ್ರಾವಣದಲ್ಲಿ ಸೇಡಂನ ಬಳಗದವರೊಬ್ಬರ ಮನೆಗೆ ಅರಿಶಿನ-ಕುಂಕುಮಕ್ಕೆ ಹೋಗಿದ್ದೆ. ಹೊಸ ಸೊಸೆ ಅಡುಗೆಮನೆಯ ಹೊಸ್ತಿಲ ಹತ್ತಿರ ನಿಂತಿದ್ದಳು. ಮುಖ ಬಾಡಿತ್ತು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂದದ್ದೇ ತಡ, ಸೆರಗನ್ನು ಬಾಯಿಗೊತ್ತಿಕೊಂಡು ಹಿತ್ತಲಿಗೆ ಓಡಿದಳು. ಅವಳ ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ, "ಎರಡು ತಿಂಗಳಾಗ್ಯಾವ ನೋಡ್ರಿ ಅಕ್ಕಾ. ಇನ್ನಾ ಯಾರಿಗೂ ಹೇಳಿಲ್ಲ. ಮೂರು ತುಂಬಲಿ, ಆಮ್ಯಾಲ ದವಾಖಾನಿಗಿ ಕರಕೊಂಡು ಹೋಗ್ತೀವಿ" ಎಂದರು.

ನನಗೆ ಹೊಸದೇನಲ್ಲ. ಚಿತ್ತಾಪುರವಾಗಲಿ, ಶಹಾಬಾದವಾಗಲಿ, ಚಿಂಚೋಳಿಯ ತಾಂಡಾ ಆಗಲಿ, ನಮ್ಮ ಕಡೆ ಮೊದಲ ಮೂರು ತಿಂಗಳು ಬಸುರಿನ ಮಾತು ನಾಲ್ಕು ಗೋಡೆಯೊಳಗೇ ಇರುತ್ತದೆ. ದೃಷ್ಟಿಯಾದೀತು ಎಂಬ ಭಯ. ನಿಲ್ಲದೆ ಹೋದರೆ ಊರ ಬಾಯಿಗೆ ಉತ್ತರ ಹೇಳಬೇಕಲ್ಲ ಎಂಬ ಸಂಕಟ. ಈ ಸಂಕಟವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅತ್ತೆ-ಸೊಸೆಯರಿಬ್ಬರೂ ತಿಳಿಯಬೇಕಾದ ಒಂದು ಸಂಗತಿ ಇದೆ. ಅದನ್ನು ಹೇಳಲಿಕ್ಕೇ ಈ ಲೇಖನ.

ಕಡುಬು ಮಾಡುವಾಗ ಹೂರಣ ಇಟ್ಟು ಎರಡು ಅಂಚುಗಳನ್ನು ಒತ್ತಿ ಮುಚ್ಚುತ್ತೇವಲ್ಲ, ಮಗುವಿನ ಮಿದುಳು ಮತ್ತು ಬೆನ್ನುಹುರಿ ಆಗುವುದೂ ಹಾಗೆಯೇ. ಚಪ್ಪಟೆಯಾಗಿದ್ದ ಒಂದು ಪದರ ಮಡಚಿಕೊಂಡು ಕೊಳವೆಯಾಗಿ ಅಂಚು ಕೂಡುತ್ತದೆ. ಈ ಕೂಡುವಿಕೆ ಗರ್ಭ ನಿಂತ ಸುಮಾರು 28 ದಿನಗಳಲ್ಲಿ ಮುಗಿದುಹೋಗುತ್ತದೆ. ಅಂದರೆ ಮುಟ್ಟು ಎರಡು ವಾರ ತಡವಾಗಿರುತ್ತದೆ ಅಷ್ಟೇ. ಎಷ್ಟೋ ಹೆಣ್ಣುಮಕ್ಕಳಿಗೆ ಆಗಿನ್ನೂ ಅನುಮಾನವೇ ಇರುತ್ತದೆ. ಆ ಹೊತ್ತಿನಲ್ಲಿ ತಾಯಿಯ ಮೈಯಲ್ಲಿ ಫೋಲಿಕ್ ಆಮ್ಲವೆಂಬ ಜೀವಸತ್ವ ಸಾಲದೆ ಬಂದರೆ ಕಡುಬಿನ ಅಂಚು ಬಿಟ್ಟುಕೊಂಡಂತೆ ಬೆನ್ನು ತೆರೆದೇ ಉಳಿಯುವ ಸಂಭವ ಹೆಚ್ಚು. ಮೂರು ತುಂಬಿದ ಮೇಲೆ ದವಾಖಾನೆಗೆ ಹೋಗಿ ಈ ಗುಳಿಗೆ ನುಂಗಿದರೆ ರಕ್ತಕ್ಕೆ ಒಳ್ಳೆಯದಾದೀತು, ಆದರೆ ಬೆನ್ನು ಕೂಡುವ ಗಳಿಗೆ ಆಗಲೇ ದಾಟಿರುತ್ತದೆ.

ನನ್ನ ದೂರದ ಸಂಬಂಧದ ಒಬ್ಬ ಹುಡುಗಿಗೆ ಚೊಚ್ಚಲಲ್ಲಿ ಅಂಥದೇ ಮಗುವಾಯಿತು. ಹನ್ನೊಂದು ದಿನ ಇತ್ತು. "ಗ್ರಹಣದಾಗ ಹೊರಗ ಬಂದಿದ್ದಿ, ಕತ್ತರಿ ಹಿಡಿದಿದ್ದಿ" ಎಂದು ಮನೆಯವರೆಲ್ಲ ಆಕೆಯನ್ನೇ ಅಂದರು. ಆಕೆಯೂ ವರ್ಷಗಟ್ಟಲೆ ಹಾಗೆಂದೇ ನಂಬಿದ್ದಳು. ಎರಡನೆಯ ಸಲ ಒಬ್ಬ ವೈದ್ಯೆ, ಬಸುರಾಗುವ ಮೊದಲಿನಿಂದಲೇ ಹೆಚ್ಚಿನ ಪ್ರಮಾಣದ ಗುಳಿಗೆ ಕೊಟ್ಟರು. ಈಗ ಆ ಮಗಳು ಶಾಲೆಗೆ ಹೋಗುತ್ತಾಳೆ. ಒಬ್ಬಳ ಕಥೆಯಿಂದ ಎಲ್ಲವೂ ಸಿದ್ಧವಾಗುವುದಿಲ್ಲ, ನಿಜ. ಆದರೆ 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಪರೀಕ್ಷೆಯಲ್ಲಿ ಏಳು ದೇಶಗಳ ಇಂಥ ತಾಯಂದಿರನ್ನೇ ನೋಡಿದ್ದರು. ಬಸುರಿಗೆ ಮುಂಚಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡವರಲ್ಲಿ ಈ ದೋಷ ಮರುಕಳಿಸುವುದು ನೂರಕ್ಕೆ 72 ಪಾಲು ಕಡಿಮೆಯಾಗಿತ್ತು. ಹಿಂದೆ ಇಂಥ ಮಗುವಾಗಿದ್ದವರು, ಸಕ್ಕರೆ ಕಾಯಿಲೆ ಅಥವಾ ಮೂರ್ಛೆರೋಗಕ್ಕೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಮೊದಲೇ ಕಾಣಬೇಕು. ಅವರ ಪ್ರಮಾಣ ಬೇರೆ. ಉಳಿದವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಗುಳಿಗೆ ಒಂದು. ಮಗು ಬೇಕೆಂದು ಮನಸ್ಸು ಮಾಡಿದ ತಿಂಗಳಿನಿಂದ ಮೂರು ತಿಂಗಳು ತುಂಬುವವರೆಗೆ.

ಈ ಜೀವಸತ್ವದ ಕಥೆ ನಮ್ಮಿಂದ ದೂರದ್ದೇನಲ್ಲ. ವಾಡಿ ಜಂಕ್ಷನ್ನಿನಲ್ಲಿ ನಿಂತರೆ ಒಂದು ಹಳಿ ಮುಂಬಯಿಗೆ ಹೋಗುತ್ತದೆ, ಇನ್ನೊಂದು ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಹೈದರಾಬಾದಿಗೆ. ಆ ಮುಂಬಯಿಗೆ 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಂದರು. ಗಿರಣಿಯಲ್ಲಿ ದುಡಿಯುವ ಬಸುರಿಯರು ರಕ್ತಹೀನರಾಗಿ ಸಾಯುತ್ತಿದ್ದ ಕಾರಣ ಹುಡುಕುವುದು ಅವರ ಕೆಲಸ. ರೋಗಾಣುವೇನೂ ಸಿಗಲಿಲ್ಲ. ಸಿಕ್ಕದ್ದು ಊಟದ ಕೊರತೆ. ಈಸ್ಟಿನ ಸಾರ ಕೊಟ್ಟಾಗ ಆ ಹೆಂಗಸರ ರಕ್ತ ಸುಧಾರಿಸಿತು. 1931ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಹತ್ತು ವರ್ಷದ ಮೇಲೆ, 1941ರಲ್ಲಿ, ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ಸತ್ವಕ್ಕೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಫೋಲಿಯಂ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಎಲೆ. ನಮ್ಮ ಸಂತೆಯಲ್ಲಿ ಗೋಣಿತಟ್ಟಿನ ಮೇಲೆ ಹರಡಿಟ್ಟ ಅದೇ ಎಲೆ!

"ಹಂಗಾದ್ರ ಗುಳಿಗಿ ಯಾಕ್ರಿ, ಪಲ್ಲೆ ತಿಂದ್ರ ಸಾಲಂಗಿಲ್ಲೇನು?" ಎಂದು ಆ ಅತ್ತೆ ಕೇಳಿದ್ದರು. ಪಲ್ಲೆ ಬೇಕೇ ಬೇಕು. ಆದರೆ ಈ ಸತ್ವ ನೀರಲ್ಲಿ ಕರಗುತ್ತದೆ, ಬಹಳ ಹೊತ್ತು ಕುದಿಸಿದರೆ ಹಾಳಾಗುತ್ತದೆ. ತಾಟಿಗೆ ಬರುವಷ್ಟರಲ್ಲಿ ಎಷ್ಟು ಉಳಿಯಿತೆಂದು ಅಳೆಯುವವರಾರು? ಅದಕ್ಕೇ ಎರಡೂ ಬೇಕು. ಸೊಪ್ಪನ್ನು ಹೆಚ್ಚುವ ಮೊದಲೇ ಮೂರು ನೀರಿನಲ್ಲಿ ತೊಳೆಯಿರಿ, ಹೆಚ್ಚಿದ ಮೇಲೆ ಬೇಡ. ಬೇಯಿಸಿದ ನೀರು ಚೆಲ್ಲಬೇಡಿ. ಹೋಳಿಗೆಯ ಬೇಳೆ ಬಸಿದ ಕಟ್ಟಿನಿಂದ ಸಾರು ಮಾಡುವ ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಜಾಣರಿದ್ದರು.

ಹಾಗೆ ನೋಡಿದರೆ ನಮ್ಮ ಸೀಮೆಯ ಅಡುಗೆಗೆ ಹೆಸರಿಡುವಂತಿಲ್ಲ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಖಾರಬ್ಯಾಳಿ, ಶೇಂಗಾ ಹಿಂಡಿ, ರಾಜಗಿರಿ, ಮೆಂತ್ಯೆ, ಪಾಲಕ್, ಹೊಲದ ಬದುವಿನ ಹಕ್ಕರಕಿ. ಕಲಬುರಗಿಯ ತೊಗರಿಬೇಳೆಗಂತೂ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೇ ಸಿಕ್ಕಿದೆ. ನೂರು ಗ್ರಾಂ ತೊಗರಿಬೇಳೆಯಲ್ಲಿ ನೂರು ಮೈಕ್ರೋಗ್ರಾಂ ಆಸುಪಾಸು ಈ ಎಲೆಯ ಸತ್ವವಿದೆ. ಕಡಲೆಯಲ್ಲಿ ಇನ್ನೂ ಹೆಚ್ಚು. ಆದರೆ ತೊಗರಿಯ ಕಣಜದಲ್ಲೇ ಇದ್ದುಕೊಂಡು ಸೊಸೆ ಎಲ್ಲರಿಗಿಂತ ಕೊನೆಗೆ ಉಣ್ಣುತ್ತಾಳೆ. ಆ ಹೊತ್ತಿಗೆ ಪಲ್ಲೆ ತೀರಿರುತ್ತದೆ. ರೊಟ್ಟಿ, ಖಾರ, ಒಂದು ಲೋಟ ಚಹಾ, ಮುಗಿಯಿತು ಊಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರೆಂದು ಬಂದಾಗ ನನಗೆ ಕಂಡದ್ದು ಈ ತಾಟೇ. ಬಸುರಿಯ ಪಾಲನ್ನು ಮೊದಲೇ ಒಂದು ಬಟ್ಟಲಲ್ಲಿ ತೆಗೆದಿಡಿ. ಇದನ್ನು ಅತ್ತೆಯೇ ಮಾಡಿದರೆ ಸೊಸೆ ಸಂಕೋಚಪಡುವುದಿಲ್ಲ.

"ಇಬ್ಬರ ಊಟ ಉಣ್ಣಬೇಕು" ಎನ್ನುವುದೂ ಈ ಮೂರು ತಿಂಗಳಿಗೆ ಒಪ್ಪದ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ದಿನಕ್ಕೆ 350 ಕ್ಯಾಲೊರಿ ಹೆಚ್ಚಿಗೆ ಎಂದು ಹೇಳುವುದು ನಾಲ್ಕನೆಯ ತಿಂಗಳಿನಿಂದ. ಮೊದಲಿಗೆ ಬೇಕಾದದ್ದು ಹೆಚ್ಚು ಊಟವಲ್ಲ, ಒಳ್ಳೆಯ ಊಟ. ವಾಂತಿಯಲ್ಲಿ ತೂಕ ಒಂದೆರಡು ಕಿಲೋ ಇಳಿದರೂ ಗಾಬರಿಯಾಗಬೇಡಿ. ಏಳುವ ಮುಂಚೆ ಹಾಸಿಗೆಯಲ್ಲೇ ಒಣ ರೊಟ್ಟಿಯ ಚೂರೋ ಒಂದು ಮುಷ್ಟಿ ಚುರುಮುರಿಯೋ ತಿಂದು ಹತ್ತು ನಿಮಿಷ ಬಿಟ್ಟು ಏಳಿ. ಎರಡೆರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಹಸಿಶುಂಠಿ ಹಾಕಿದ ಮಜ್ಜಿಗೆ ಹಲವರಿಗೆ ಹಿಡಿಸುತ್ತದೆ. ಒಗ್ಗರಣೆ ವಾಸನೆ ಆಗದಿದ್ದರೆ ಆ ಕೆಲಸವನ್ನು ಮನೆಯಲ್ಲಿ ಬೇರೆ ಯಾರಾದರೂ ಮಾಡಲಿ, ಗಂಡನೇ ಮಾಡಿದರೆ ಮನೆಯೇನೂ ಬೀಳುವುದಿಲ್ಲ! ಆದರೆ ಕುಡಿದ ನೀರೂ ನಿಲ್ಲದೆ, ದಿನವಿಡೀ ಮೂತ್ರವೇ ಆಗದೆ, ಎದ್ದರೆ ಕಣ್ಣು ಕತ್ತಲೆ ಬಂದರೆ ಅದು "ಎಲ್ಲಾರಿಗೂ ಆಗೂದು" ಅಲ್ಲ. ಅಂದೇ ದವಾಖಾನೆಗೆ ಹೋಗಬೇಕು. ಹೊಟ್ಟೆನೋವಿನೊಂದಿಗೆ ರಕ್ತ ಕಂಡರೂ ಹಾಗೆಯೇ.

ಇನ್ನು ಉಷ್ಣದ ಮಾತು. ಪಪಾಯಿ, ಎಳ್ಳು, ಬೆಲ್ಲ, ಬದನೆಕಾಯಿ, ಮೊಟ್ಟೆ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಪಪಾಯಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಕಾಯಿ ಮತ್ತು ದೋರೆಗಾಯಿಯ ಹಾಲಿನಂಥ ಸೊನೆಗೆ ಗರ್ಭಕೋಶವನ್ನು ಕುಗ್ಗಿಸುವ ಗುಣವಿದೆಯೆಂದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಪೂರ್ತಿ ಮಾಗಿದ ಹಣ್ಣಿನಲ್ಲಿ ಹಾಗೆ ಕಂಡಿಲ್ಲ. ಕಾಯಿ ಬೇಡ. ಹಣ್ಣಿಗಾಗಿ ಅತ್ತೆಯೊಡನೆ ಜಗಳವೂ ಬೇಡ, ಪೇರಲ ಇದೆ, ಮೋಸಂಬಿ ಇದೆ. ಎಳ್ಳುಹೋಳಿಗೆ, ಸಜ್ಜೆ ರೊಟ್ಟಿಯ ಮೇಲಿನ ಎಳ್ಳು ಅಡುಗೆಯ ಪ್ರಮಾಣದಲ್ಲಿ ಏನೂ ಮಾಡವು. ಮೊಟ್ಟೆಯನ್ನು ಬಿಡುವುದಂತೂ ದೊಡ್ಡ ನಷ್ಟ, ಹಳದಿ ಗಟ್ಟಿಯಾಗುವ ತನಕ ಬೇಯಿಸಿರಬೇಕು ಅಷ್ಟೇ. ಕೇಸರಿ ಹಾಲಿನಿಂದ ಮಗು ಕೆಂಪಗಾಗುವುದಿಲ್ಲ. ಆ ದುಡ್ಡಿಗೆ ಎಷ್ಟು ಸಿವುಡು ಮೆಂತ್ಯೆ ಬಂದೀತು, ಲೆಕ್ಕ ಹಾಕಿ.

ಮೊದಲ ತಿಂಗಳುಗಳಲ್ಲಿ ಗರ್ಭ ಇಳಿದುಹೋಗುವುದು ಬಹಳ ಸಲ ಮಗುವಿನ ವರ್ಣತಂತುಗಳ ದೋಷದಿಂದ, ಹುಟ್ಟುವಾಗಲೇ ಬಂದದ್ದರಿಂದ. ತಿಂದ ಒಂದು ತುಣುಕಿನಿಂದಲ್ಲ, ಯಾರ ಕಣ್ಣಿನಿಂದಲೂ ಅಲ್ಲ. ಮನೆಯವರು ಇದೊಂದನ್ನು ನೆನಪಿಟ್ಟರೆ ಹೆಣ್ಣುಮಗಳ ಎದೆಯ ಭಾರ ಅರ್ಧ ಇಳಿದೀತು.

ನಿಜಕ್ಕೂ ಅಂಜಬೇಕಾದವು ಬೇರೆ ಇವೆ. ಕಾಯಿಸದ ಹಾಲು, ನಿನ್ನೆಯ ಅನ್ನ, ನೊಣ ಕುಂತ ಖೋವಾ ಮಿಠಾಯಿ, ತೊಳೆಯದೆ ರೊಟ್ಟಿಗೆ ನಂಚಿಕೊಳ್ಳುವ ಹಕ್ಕರಕಿ, ಅರ್ಧ ಬೆಂದ ಕಬಾಬು. ಕಲೇಜಿ ತಿನ್ನುವವರು ಈ ತಿಂಗಳುಗಳಲ್ಲಿ ಅದನ್ನು ಬಿಡುವುದು ಲೇಸು, ಅದರಲ್ಲಿನ ಎ ಜೀವಸತ್ವ ಮಿತಿಮೀರಿದರೆ ಮಗುವಿಗೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ನೀರು ಕುದಿಸಿಯೇ ಕುಡಿಯಿರಿ. ಹೊಲಸು ನೀರಿನಿಂದ ಬರುವ ಒಂದು ಬಗೆಯ ಕಾಮಾಲೆ ಉಳಿದವರನ್ನು ಬಿಟ್ಟರೂ ಬಸುರಿಯರನ್ನು ಬಿಡುವುದಿಲ್ಲ. ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಚಟ, ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು, ಗುಟ್ಕಾ, ಇವುಗಳನ್ನು ನಮ್ಮ ಹೆಂಗಸರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪಪಾಯಿ ಹಣ್ಣಿಗೆ ಹೆದರುವ ಮನೆಯಲ್ಲೇ ಇದು ನಡೆಯುತ್ತದೆ. ವಾಂತಿಗೆಂದು ಅಂಗಡಿಯವನು ಕೊಟ್ಟ ಗುಳಿಗೆಯನ್ನೂ ವೈದ್ಯರನ್ನು ಕೇಳದೆ ನುಂಗಬೇಡಿ.

ಇನ್ನೊಂದು ಗುಟ್ಟಿನ ಮಾತು. ಶಹಾಬಾದು, ವಾಡಿ ಎಂದರೆ ಫರಸಿ ಕಲ್ಲು, ಸಿಮೆಂಟಿನ ಊರುಗಳು. ಅಲ್ಲೂ, ಬೇರೆಲ್ಲ ಕಡೆಯೂ, ಬಸುರಿಯರು ಕದ್ದು ಮಣ್ಣು, ಬಳಪ, ಸುಣ್ಣದ ಗೋಡೆಯ ಹೆಕ್ಕಳಿಕೆ, ಹಸಿ ಅಕ್ಕಿ ತಿನ್ನುವುದುಂಟು. ಬೈದರೆ ಇನ್ನಷ್ಟು ಕದ್ದು ತಿನ್ನುತ್ತಾರೆ. ಇದು ಕೆಟ್ಟ ಬುದ್ಧಿಯಲ್ಲ, ಬಹಳ ಸಲ ಕಬ್ಬಿಣಾಂಶ ಕಡಿಮೆಯಾದದ್ದರ ಗುರುತು. ಮಣ್ಣಿನೊಂದಿಗೆ ಜಂತುಹುಳುವಿನ ಮೊಟ್ಟೆಯೂ ಹೊಟ್ಟೆ ಸೇರುತ್ತದೆ. ರಕ್ತ ಪರೀಕ್ಷೆ ಮಾಡಿಸಿ. ಸರಕಾರಿ ದವಾಖಾನೆಯಲ್ಲಿ ನಾಲ್ಕನೆಯ ತಿಂಗಳಿನಿಂದ ಕಬ್ಬಿಣಾಂಶದ ಗುಳಿಗೆಯನ್ನು 180 ದಿನಕ್ಕೆ ಪುಕ್ಕಟೆ ಕೊಡುತ್ತಾರೆ. ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಿ ಗುಳಿಗೆಯನ್ನು ಟ್ರಂಕಿನ ಅಡಿಯಲ್ಲಿ ಬಚ್ಚಿಡಬೇಡಿ. ಮಗು ಕಪ್ಪಾಗುವುದಿಲ್ಲ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ, ಒಂದು ತಾಸು ಬಿಡಿ. ಚಹಾದ ಬದಲು ಪಲ್ಲೆಯ ಮೇಲೆ ನಿಂಬೆಹಣ್ಣು ಹಿಂಡಿದರೆ ಹೆಚ್ಚು ಹತ್ತುತ್ತದೆ.

ಸುದ್ದಿ ಮುಚ್ಚಿಡುವುದರಿಂದ ಇನ್ನೊಂದು ನಷ್ಟವಿದೆ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆ ಬಸುರಿ-ಬಾಣಂತಿಯರಿಗೆ ಅಂಗನವಾಡಿಯ ಮೂಲಕ ಅನ್ನ, ಬೇಳೆಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಕೊಡುವಂಥದು. ಹೆಸರು ಬರೆಸದವಳಿಗೆ ಇದು ಸಿಗುವುದಾದರೂ ಹೇಗೆ? ಹನ್ನೆರಡು ವಾರದೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳಬೇಕು. ಚಿಂಚೋಳಿಯ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವ ತಂಗಿಯರು ಆ ಕಾರ್ಡನ್ನು ಬುತ್ತಿಯ ಜೊತೆಗೇ ಕಟ್ಟಿಕೊಂಡು ಹೋಗಬೇಕು, ಅಲ್ಲಿಯ ವೈದ್ಯರಿಗೆ ಅದೇ ದಾರಿ ತೋರಿಸುತ್ತದೆ.

ಸೇಡಂನ ಅತ್ತೆಗೆ ನಾನು ಹೇಳಿದ್ದಿಷ್ಟೇ: "ಓಣಿಗಿ ಹೇಳಬ್ಯಾಡ್ರಿ. ಅರಿಶಿನ-ಕುಂಕುಮಕ್ಕ ಬಂದೋರಿಗೂ ಹೇಳಬ್ಯಾಡ್ರಿ. ಆಶಾ ಅಕ್ಕಗ ಒಬ್ಬಾಕಿಗಿ ಹೇಳ್ರಿ." ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಕಿ ನಮ್ಮ ಓಣ್ಯಾಕೀನೇ ಹಾಳ್ರಿ!" ಎಂದು ನಕ್ಕರು. ಆದರೂ ಮರುದಿನ ಸೊಸೆಯನ್ನು ಕರೆದುಕೊಂಡು ಹೋದರಂತೆ.

ಆ ಹುಡುಗಿಗೆ ವಾಸನೆ ಆಗದಂತೆ ಅವರ ಮನೆಯಲ್ಲಿ ಈಗ ಮಾಡುವ ಪಲ್ಲೆ ಹೀಗಿದೆ. ಅರ್ಧ ಬಟ್ಟಲು ತೊಗರಿಬೇಳೆಯನ್ನು ಒಂದು ತಾಸು ನೆನೆಸಿ, ಚಿಟಿಕೆ ಅರಿಶಿನ ಹಾಕಿ ಬೆರಳಿಗೆ ಹಿಸುಕಿದರೆ ನುಣುಪಾಗುವಂತೆ ಬೇಯಿಸಿಕೊಳ್ಳಬೇಕು. ಎರಡು ಸಿವುಡು ರಾಜಗಿರಿ ಅಥವಾ ಪಾಲಕನ್ನು ತೊಳೆದು ಹೆಚ್ಚಿ, ಒಂದು ಮುಷ್ಟಿ ಮೆಂತ್ಯೆ ಸೊಪ್ಪು ಸೇರಿಸಿ, ಬೇಳೆಯ ಮೇಲೆ ಹಾಕಿ ಮುಚ್ಚಿ ಐದೇ ನಿಮಿಷ ಬೇಯಿಸಬೇಕು. ನೀರು ಬಸಿಯಬಾರದು. ಉಪ್ಪು, ಒಂದು ಹಸಿಮೆಣಸಿನಕಾಯಿ, ಸಣ್ಣ ತುಂಡು ಶುಂಠಿ ಜಜ್ಜಿ ಹಾಕಿ, ಎರಡು ಚಮಚ ಹುರಿದ ಶೇಂಗಾಪುಡಿ ಕಲೆಸಿ ಇಳಿಸಬೇಕು. ಬೆಳ್ಳುಳ್ಳಿ ಒಗ್ಗರಣೆ ಬೇಡ, ಉಳಿದವರಿಗೆ ಬೇಕಾದರೆ ಆಕೆಯ ಬಟ್ಟಲು ತೆಗೆದಿಟ್ಟ ಮೇಲೆ ಕೊಡಬಹುದು. ಉಣ್ಣುವಾಗ ನಿಂಬೆಹಣ್ಣು ಹಿಂಡಿ, ಬಿಸಿ ಜೋಳದ ರೊಟ್ಟಿಯೊಂದಿಗೆ ಬಡಿಸಿ. ರಾತ್ರಿಗೆ ಉಳಿಸಬೇಡಿ.