ಮಕ್ಕಳಿರುವ ಮನೆಗೆ ಯಾವ ನಾಯಿ?

ವಾರ್ಷಿಕ ಪರೀಕ್ಷೆ ಮುಗಿದು ರಜೆ ಶುರುವಾಗುವ ಹೊತ್ತಿಗೆ ಅನೇಕ ಮನೆಗಳಲ್ಲಿ ಒಂದು ಹಟ ತಲೆಯೆತ್ತುತ್ತದೆ: ‘ನಮಗೊಂದು ನಾಯಿಮರಿ ಬೇಕು’. ಅಪ್ಪ ಮೊದಲು ಬೇಡವೆನ್ನುತ್ತಾರೆ. ಅಮ್ಮ ಕೊನೆಯವರೆಗೂ ಬೇಡವೆನ್ನುತ್ತಾರೆ. ದೇವರ ಮನೆಯ ಕಡೆ ಬರದಿದ್ದರೆ ಸರಿ ಎಂದು ಅಜ್ಜಿ ಷರತ್ತು ಹಾಕುತ್ತಾರೆ. ಇವೆಲ್ಲ ದಾಟಿದ ಮೇಲೆ ಏಳುವ ಪ್ರಶ್ನೆ, ಯಾವ ಜಾತಿಯದು? ಪಕ್ಕದ ಮನೆಯ ಅಲ್ಸೇಷಿಯನ್ನೋ, 2003ರ ಹಚ್ ಜಾಹೀರಾತಿನಿಂದ ಮನೆಮಾತಾದ ಪಗ್ಗೋ, 2022ರ ‘777 ಚಾರ್ಲಿ’ ಚಿತ್ರದಲ್ಲಿ ಎಲ್ಲರನ್ನೂ ಅಳಿಸಿದ ಲ್ಯಾಬ್ರಡಾರೋ?

ತಳಿ ಗೊತ್ತಾದರೆ ಸ್ವಭಾವವೂ ಗೊತ್ತಾದಂತೆ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಆದರೆ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಬೇರೆಯೇ ಮಾತು ಹೇಳಿತು. 18,000ಕ್ಕೂ ಹೆಚ್ಚು ನಾಯಿಗಳ ನಡವಳಿಕೆಯನ್ನು ಮಾಲೀಕರಿಂದ ಕೇಳಿ ತಿಳಿದು, 2,000ಕ್ಕೂ ಹೆಚ್ಚು ನಾಯಿಗಳ ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಕಂಡದ್ದಿಷ್ಟು: ನಾಯಿ ನಾಯಿಯ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ. ಉಳಿದದ್ದು ಆಯಾ ನಾಯಿಯ ಹುಟ್ಟುಗುಣ, ಬೆಳೆದ ರೀತಿ, ಸುತ್ತಲಿನ ಜನ.

ಹಾಗೆಂದು ತಳಿಗೆ ಅರ್ಥವೇ ಇಲ್ಲವೆಂದಲ್ಲ. ಎಷ್ಟು ದೊಡ್ಡದಾಗುತ್ತದೆ, ಎಷ್ಟು ಓಡಾಟ ಬೇಕು, ಕೂದಲು ಎಷ್ಟು ಉದುರುತ್ತದೆ, ನಮ್ಮ ಸೆಖೆ ತಡೆಯುತ್ತದೆಯೇ, ಯಾವ ಕಾಯಿಲೆ ಕಾದಿದೆ ಎಂಬುದನ್ನೆಲ್ಲ ತಳಿ ಸಾಕಷ್ಟು ನಿಖರವಾಗಿ ಹೇಳುತ್ತದೆ. ಮಗುವಿನ ಜೊತೆ ಹೊಂದಿಕೊಂಡೀತೇ ಎಂಬುದನ್ನು ಮಾತ್ರ ಅದು ಖಚಿತವಾಗಿ ಹೇಳದು. ಅದಕ್ಕೆ ಮನೆಯನ್ನೇ ನೋಡಬೇಕು.

ಮೊದಲು ಮಗುವಿನ ವಯಸ್ಸು ನೋಡಿ. ಐದು ವರ್ಷದೊಳಗಿನ ಮಗುವಿಗೆ ನಾಯಿಯೂ ಒಂದೇ, ಗೊಂಬೆಯೂ ಒಂದೇ. ಬಾಲ ಎಳೆಯುತ್ತದೆ, ಕಣ್ಣಿಗೆ ಬೆರಳು ಹಾಕುತ್ತದೆ, ಮಲಗಿದ್ದಾಗ ಮೇಲೆ ಬೀಳುತ್ತದೆ. ಅತ್ತ ಮರಿಗೂ ಹಲ್ಲು ಬರುವ ಕಾಲ, ಸಿಕ್ಕಿದ್ದನ್ನೆಲ್ಲ ಕಚ್ಚುವ ಚಪಲ. ಇಬ್ಬರು ಕೂಸುಗಳನ್ನು ಒಟ್ಟಿಗೆ ಸಾಕುವ ತಾಳ್ಮೆ ಇಲ್ಲದಿದ್ದರೆ ಮಗು ಒಂದನೆಯ, ಎರಡನೆಯ ತರಗತಿಗೆ ಬರುವವರೆಗೆ ಕಾಯುವುದು ಲೇಸು. ಇನ್ನೊಂದು ಲೆಕ್ಕವೂ ಇದೆ. ನಾಯಿಯ ಆಯಸ್ಸು ಸಾಮಾನ್ಯವಾಗಿ ಹತ್ತರಿಂದ ಹದಿಮೂರು ವರ್ಷ. ಎರಡನೆಯ ತರಗತಿಯಲ್ಲಿ ತಂದ ಮರಿ, ಪಿಯುಸಿ ಪರೀಕ್ಷೆಯ ಹೊತ್ತಿಗೆ ಮುದಿಯಾಗಿರುತ್ತದೆ. ಆಮೇಲೆ ಮಗ ಹಾಸ್ಟೆಲ್ಲಿಗೆ ಹೋಗುತ್ತಾನೆ, ನಾಯಿ ಮನೆಯಲ್ಲಿ ಉಳಿಯುತ್ತದೆ. ‘ನಾನೇ ನೋಡಿಕೊಳ್ಳುತ್ತೇನೆ’ ಎಂದು ಆಣೆ ಇಟ್ಟ ಮಕ್ಕಳ ಉತ್ಸಾಹ ಮೂರನೆಯ ವಾರಕ್ಕೇ ಇಳಿದು, ಊಟ, ನೀರು, ಹೇಲು ಬಳಿಯುವ ಕೆಲಸವೆಲ್ಲ ಅಮ್ಮನ ಪಾಲಾಗುವುದು ಊರೆಲ್ಲ ಕಂಡ ಕಥೆ. ಆದ್ದರಿಂದ ತಳಿ ಆರಿಸುವ ಮಾತುಕತೆಯಲ್ಲಿ ಕೊನೆಯ ಮಾತು ಅಮ್ಮನದೇ ಆಗಿರುವುದು ನ್ಯಾಯ.

ಲ್ಯಾಬ್ರಡಾರ್ ಮತ್ತು ಇತರರು

ಮಕ್ಕಳಿರುವ ಮನೆಗೆ ಪಶುವೈದ್ಯರು ಹೆಚ್ಚಾಗಿ ಸೂಚಿಸುವ ಹೆಸರು ಲ್ಯಾಬ್ರಡಾರ್. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದ ಮೀನುಗಾರರ ನಾಯಿಗಳ ವಂಶದ್ದು. ಮನುಷ್ಯರ ಜೊತೆ ಕೆಲಸ ಮಾಡಿ ಬೆಳೆದ ತಳಿಯಾದ್ದರಿಂದ ಹೇಳಿದ್ದನ್ನು ಬೇಗ ಕಲಿಯುತ್ತದೆ, ಸಣ್ಣಪುಟ್ಟ ಕೀಟಲೆ ಸಹಿಸುತ್ತದೆ. ಆದರೆ ವರ್ಷ ತುಂಬುವಷ್ಟರಲ್ಲಿ ಮೂವತ್ತು ಕಿಲೋ ತೂಗುವ ಈ ಪ್ರಾಣಿ ಪ್ರೀತಿಯಿಂದ ಬಾಲ ಬೀಸಿದರೂ ಮೂರು ವರ್ಷದ ಮಗು ನೆಲಕ್ಕುರುಳುತ್ತದೆ. ಬೆಳಿಗ್ಗೆ ಸಂಜೆ ಓಡಾಟ ತಪ್ಪಿದರೆ ಚಪ್ಪಲಿ, ಸೋಫಾ, ಸ್ಕೂಲ್ ಬ್ಯಾಗು ಯಾವುದೂ ಉಳಿಯದು. ಇದರ ಹೊಟ್ಟೆಬಾಕತನಕ್ಕೂ ಒಂದು ಕಾರಣವಿದೆ. ಹೆಚ್ಚುಕಡಿಮೆ ನಾಲ್ಕರಲ್ಲೊಂದು ಲ್ಯಾಬ್ರಡಾರ್‌ನಲ್ಲಿ ಹಸಿವನ್ನು ಹತೋಟಿಯಲ್ಲಿಡುವ ವಂಶವಾಹಿಯ ತುಣುಕೊಂದು ಕಾಣೆಯಾಗಿರುವುದನ್ನು ಕೇಂಬ್ರಿಜ್ ವಿಜ್ಞಾನಿಗಳು 2016ರಲ್ಲಿ ಕಂಡುಹಿಡಿದರು. ಪಾಪ, ಅದಕ್ಕೆ ಹೊಟ್ಟೆ ತುಂಬಿದ್ದೇ ಸರಿಯಾಗಿ ತಿಳಿಯುವುದಿಲ್ಲ! ಮಕ್ಕಳು ಕೊಡುವ ಬಿಸ್ಕತ್ತಿಗೆ ಲೆಕ್ಕ ಇಡಬೇಕು. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿಯಂತೂ ಯಾವ ನಾಯಿಗೂ ವಿಷ.

ಸಣ್ಣ ಮಗುವಿಗೆ ಸಣ್ಣ ನಾಯಿ ಎಂಬ ಲೆಕ್ಕಾಚಾರ ಬಹಳ ಸಲ ತಪ್ಪುತ್ತದೆ. ನಾವು ಪಮೇರಿಯನ್ ಎಂದು ಕರೆಯುವ ಬಿಳಿ ಉಣ್ಣೆಯುಂಡೆ ವಾಸ್ತವವಾಗಿ ಹೆಚ್ಚಿನ ಮನೆಗಳಲ್ಲಿ ಇಂಡಿಯನ್ ಸ್ಪಿಟ್ಜ್. ಖರ್ಚು ಕಡಿಮೆ, ಸೆಖೆಗೆ ಒಗ್ಗಿದೆ, ಚುರುಕು. ಆದರೆ ಹಿಡಿದು ಹಿಸುಕಿದರೆ ಅದಕ್ಕೆ ನೋಯುತ್ತದೆ, ನೋವಾದಾಗ ಹಲ್ಲು ತೋರಿಸುತ್ತದೆ. ಉದ್ದ ಬೆನ್ನಿನ ಡ್ಯಾಶ್‌ಹಂಡನ್ನು ಮಕ್ಕಳು ಮುಂಗಾಲು ಹಿಡಿದು ಎತ್ತಿದರೆ ಬೆನ್ನುಮೂಳೆಗೇ ಸಂಚಕಾರ. ಪಗ್ ಸಾಧು, ಮಕ್ಕಳನ್ನು ಕಂಡರೆ ಇಷ್ಟ. ಮೊಂಡು ಮೂಗಿನಿಂದಾಗಿ ಉಸಿರಾಟವೇ ಅದಕ್ಕೆ ಕಷ್ಟ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅದನ್ನು ಸಾಕುವುದು ಅದಕ್ಕೆ ಮಾಡುವ ಉಪಕಾರವಲ್ಲ. ಇನ್ನು ಹಿಮದ ನಾಡಿನ ಹಸ್ಕಿ, ಸೇಂಟ್ ಬರ್ನಾರ್ಡ್‌ಗಳನ್ನು ಬಯಲುಸೀಮೆಗೆ ತಂದು ಏಸಿಯಲ್ಲಿ ಕೂಡಿಹಾಕುವವರ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ.

ಅಲ್ಸೇಷಿಯನ್, ಅಂದರೆ ಜರ್ಮನ್ ಶೆಫರ್ಡ್, ಬುದ್ಧಿವಂತ. ಮೂಲತಃ ಕುರಿ ಕಾಯುವ ನಾಯಿ. ಮಕ್ಕಳು ಅಂಗಳದಲ್ಲಿ ಓಡತೊಡಗಿದರೆ ಸುತ್ತುವರಿದು ಒಟ್ಟುಗೂಡಿಸಲು ನೋಡುವುದೂ ಉಂಟು. ಡಾಬರ್‌ಮನ್ ತಳಿಗೆ ಮೂಲಪುರುಷ ಜರ್ಮನಿಯ ಅಪೋಲ್ಡಾ ಊರಿನ ಲೂಯಿ ಡಾಬರ್‌ಮನ್. ಆತ ಮಾಡುತ್ತಿದ್ದ ಕೆಲಸಗಳಲ್ಲಿ ತೆರಿಗೆ ವಸೂಲಿಯೂ ಒಂದು ಎಂದರೆ ಅಂಥ ನಾಯಿ ಯಾಕೆ ಬೇಕಾಯಿತೆಂದು ಬಿಡಿಸಿ ಹೇಳಬೇಕಿಲ್ಲ. ಎರಡೂ ತರಬೇತಿ ಕೊಡಬಲ್ಲವರ ಮನೆಗೆ ಸರಿ, ಮೊದಲ ಸಲ ನಾಯಿ ಸಾಕುವವರಿಗಲ್ಲ. ರಾಟ್‌ವೀಲರ್, ಪಿಟ್‌ಬುಲ್ ಸೇರಿದಂತೆ 23 ತಳಿಗಳನ್ನು ನಿರ್ಬಂಧಿಸಲು 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಸುತ್ತೋಲೆಯನ್ನು ಮರುತಿಂಗಳೇ ಕರ್ನಾಟಕ ಹೈಕೋರ್ಟ್ ರದ್ದುಪಡಿಸಿತು. ಕಾನೂನಿನ ಮಾತು ಅದು. ಎಳೆ ಮಕ್ಕಳಿರುವ ಮನೆಗೆ ಅವು ಬೇಡವೆಂಬುದಕ್ಕೆ ಸುತ್ತೋಲೆಯ ಅಗತ್ಯವಿಲ್ಲ.

ನಮ್ಮದೇ ಮುಧೋಳ ನಾಯಿಯ ಬಗ್ಗೆ ಕನ್ನಡಿಗರಿಗೆ ಹೆಮ್ಮೆ ಸಹಜ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅಂಚೆಚೀಟಿಯೂ ಬಂತು. ಆದರೆ ಇದು ಕಣ್ಣಿಗೆ ಕಂಡ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವ ನಾಯಿ. ತೋಟ, ಹೊಲ ಇರುವವರ ಮನೆಯಲ್ಲಿ ಅದರ ಓಟ ನೋಡುವುದೇ ಒಂದು ಭಾಗ್ಯ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅದಕ್ಕೂ ಸುಖವಿಲ್ಲ, ನಿಮಗೂ ಇಲ್ಲ. ಬೇಟೆನಾಯಿಗೆ ಈ ನೆಲ ಕೊಟ್ಟ ಗೌರವ ಹಳೆಯದು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿದ ಆತಕೂರು ಶಾಸನ ಹತ್ತನೆಯ ಶತಮಾನದ್ದು.

ನನ್ನ ಮಟ್ಟಿಗೆ ಮಧ್ಯಮ ವರ್ಗದ ಮನೆಗೆ ಹೆಚ್ಚು ಹೊಂದುವುದು ನಾವು ‘ಕಂತ್ರಿ’ ಎಂದು ಮೂಗು ಮುರಿಯುವ ನಾಡುನಾಯಿ. ಗಿಡ್ಡ ಕೂದಲು, ಹದವಾದ ಗಾತ್ರ, ನಮ್ಮ ಹವೆಗೆ ಹೇಳಿ ಮಾಡಿಸಿದ ಮೈ. ಅನ್ನ ಮೊಸರಷ್ಟೇ ಹಾಕಿದರೆ ಮಾತ್ರ ಸಾಲದು, ಮೊಟ್ಟೆಯೋ ಮಾಂಸವೋ ಬೇಕು. ಮರಿಯನ್ನು ಎಳವೆಯಲ್ಲೇ ತಂದು ಮಕ್ಕಳ ಗದ್ದಲಕ್ಕೆ, ಮಿಕ್ಸಿಯ ಸದ್ದಿಗೆ, ಬಂದುಹೋಗುವ ನೆಂಟರಿಗೆ ಒಗ್ಗಿಸಬೇಕು. ಮೂರು ವಾರದಿಂದ ಹನ್ನೆರಡು ಹದಿನಾಲ್ಕು ವಾರದವರೆಗೆ ನೋಡಿ ಕೇಳಿದ್ದನ್ನು ನಾಯಿ ಜೀವನಪರ್ಯಂತ ತನ್ನದೆಂದುಕೊಳ್ಳುತ್ತದೆ.

ಕಚ್ಚಿದ್ದನ್ನು ಮುಚ್ಚಿಡುವ ಮಕ್ಕಳು

ಎಳೆ ಮಕ್ಕಳನ್ನು ಕಚ್ಚುವುದು ಬಹುಪಾಲು ಪರಿಚಯದ ನಾಯಿಯೇ, ಅದೂ ಮನೆಯೊಳಗೇ. ತಿನ್ನುವಾಗ, ಮಲಗಿರುವಾಗ, ಮರಿ ಹಾಕಿರುವಾಗ ಹತ್ತಿರ ಹೋದದ್ದೇ ಹೆಚ್ಚಿನ ಸಲ ಕಾರಣ. ಮಗುವಿನ ಎತ್ತರಕ್ಕೆ ನಾಯಿಯ ಬಾಯಿಗೆ ಸಿಗುವುದು ಮುಖ ಮತ್ತು ಕುತ್ತಿಗೆ. ಕಚ್ಚುವ ಮೊದಲು ನಾಯಿ ಹೇಳಿಯೇ ಹೇಳುತ್ತದೆ: ಮುಖ ತಿರುಗಿಸುತ್ತದೆ, ನಿದ್ದೆ ಬರದೆಯೂ ಆಕಳಿಸುತ್ತದೆ, ಮೂಗು ನೆಕ್ಕಿಕೊಳ್ಳುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ, ಮೈ ಬಿಗಿಯಾಗುತ್ತದೆ. ಬಾಲ ಆಡಿಸಿದ ಮಾತ್ರಕ್ಕೆ ಖುಷಿಯಲ್ಲಿದೆ ಎಂದಲ್ಲ. ಗುರ್ ಎಂದಾಗ ನಾಯಿಗೆ ಹೊಡೆಯಬೇಡಿ. ಹೊಡೆತ ತಿಂದ ನಾಯಿ ಮುಂದಿನ ಸಲ ಗುರ್ ಎನ್ನದೆಯೇ ಕಚ್ಚಬಹುದು. ಮಗುವನ್ನು ಅಲ್ಲಿಂದ ಕರೆದುಕೊಳ್ಳಿ. ದೊಡ್ಡವರಿಲ್ಲದಾಗ ಸಣ್ಣ ಮಗುವನ್ನೂ ನಾಯಿಯನ್ನೂ ಒಂದೇ ಕೋಣೆಯಲ್ಲಿ ಬಿಡಬೇಡಿ, ಅದು ಎಂಥ ಸಾಧುವಾದರೂ.

ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಮೊದಲೇ ಲಸಿಕೆ ಸಿಕ್ಕರೆ ತಡೆಯಬಹುದು. ಲೂಯಿ ಪಾಶ್ಚರ್ 1885ರಲ್ಲಿ ಈ ಲಸಿಕೆ ಕೊಟ್ಟು ಉಳಿಸಿದ ಜೋಸೆಫ್ ಮೈಸ್ಟರ್ ಒಂಬತ್ತು ವರ್ಷದ ಹುಡುಗ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹಳೆಯ ಭಯ ಇನ್ನೂ ಜನರಲ್ಲಿದೆ. ಆ ಲಸಿಕೆ ಮರೆಯಾಗಿ ಬಹಳ ವರ್ಷವಾಯಿತು. ಈಗ ತೋಳಿಗೆ ಕೆಲವೇ ಚುಚ್ಚುಮದ್ದು. ಹಲ್ಲು ತಾಗಿ ಚರ್ಮ ತರಚಿದರೂ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಕೂಡದು. ಬೈಗುಳಕ್ಕೆ ಹೆದರಿ ಮಕ್ಕಳು ಕಚ್ಚಿದ್ದನ್ನು ಮುಚ್ಚಿಡುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ನಾಯಿ ಮನೆಗೆ ಬರುವ ದಿನವೇ ಹೇಳಿಬಿಡಿ: ಏನೇ ಆದರೂ ಹೇಳು, ಯಾರೂ ಬೈಯುವುದಿಲ್ಲ.

ಮರಿ ತರುವಾಗ

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲವೆಂದು 2017ರ ಕೇಂದ್ರ ನಿಯಮ ಹೇಳುತ್ತದೆ. ರಸ್ತೆಬದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ಮರಿಗೆ ಕಣ್ಣೀರು ಸುರಿಸಿ ದುಡ್ಡು ಕೊಡಬೇಡಿ. ಆ ದುಡ್ಡು ಇನ್ನೊಂದು ಬುಟ್ಟಿ ತುಂಬಿಸುತ್ತದೆ. ತಾಯಿಯನ್ನು ತೋರಿಸಿ ಎನ್ನಿ. ಅಪರಿಚಿತರನ್ನು ಕಂಡು ತಾಯಿ ನಡುಗಿದರೆ ಅಥವಾ ಹಲ್ಲು ಕಿರಿದರೆ ಆ ಮನೆಯಿಂದ ಸುಮ್ಮನೆ ಎದ್ದು ಬನ್ನಿ. ಮರಿಗಳ ಪೈಕಿ ಎಲ್ಲರಿಗಿಂತ ಮೊದಲು ನುಗ್ಗಿಬರುವುದೂ ಬೇಡ, ಮೂಲೆ ಹಿಡಿದು ಕೂತದ್ದೂ ಬೇಡ. ಸ್ವಲ್ಪ ನೋಡಿ, ಯೋಚಿಸಿ, ಆಮೇಲೆ ಮೂಸಲು ಬರುವ ಮರಿ ಮಕ್ಕಳಿಗೆ ಒಳ್ಳೆಯ ಜೊತೆ. ತಂದೊಡನೆ ಪಶುವೈದ್ಯರಲ್ಲಿ ಜಂತುಹುಳುವಿನ ಔಷಧಿ, ಪಾರ್ವೊ ಮುಂತಾದವುಗಳ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸಬೇಕು. ತರಲು ಏಪ್ರಿಲ್ ರಜೆಯ ಮೊದಲ ವಾರ ಒಳ್ಳೆಯದು, ಮಕ್ಕಳು ದಿನವಿಡೀ ಮನೆಯಲ್ಲಿರುತ್ತಾರೆ. ದೀಪಾವಳಿಯ ಹಿಂದುಮುಂದಿನ ವಾರಗಳು ಮಾತ್ರ ಬೇಡ. ಪಟಾಕಿಯ ಸದ್ದಿಗೆ ಮಂಚದಡಿ ಸೇರಿದ ಹೊಸ ಮರಿಯನ್ನು ಈಚೆ ತರುವಷ್ಟರಲ್ಲಿ ಕಾರ್ತಿಕ ಮಾಸವೇ ಮುಗಿದಿರುತ್ತದೆ.