ಕತ್ತು ಕೆತ್ತುವ ಕಸುಬು

ಕೈಲ್‌ಪೊಳ್ದು ಹಬ್ಬದ ದಿನ ಕೊಡಗಿನಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಕೋವಿಯಿಂದ ಗುರಿಯಿಡುತ್ತಾರೆ. ಕಾಯಿ ಚೂರಾದರೆ ಗೆದ್ದಂತೆ. ಗುಂಡು ಕಾಯಿಯ ನಡುವಿಗೆ ತಗುಲಿತೋ ಅಂಚಿಗೆ ತಗುಲಿತೋ ಎಂದು ಯಾರೂ ಅಳತೆಪಟ್ಟಿ ಹಿಡಿದು ನೋಡಲು ಹೋಗುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ ತೀರಾ ತದ್ವಿರುದ್ಧವಾದ ಆಟವೊಂದಿದೆ. ಗುರಿಹಾಳೆಯ ಚೌಕದೊಳಗೆ ಗುಂಡು ಎಲ್ಲಿ ಬಿದ್ದರೂ ಸರಿ, ನಡುವೃತ್ತಕ್ಕೇ ಬೀಳಬೇಕೆಂದಿಲ್ಲ. ಆದರೆ ಐದು ಗುಂಡು ಹೊಡೆದರೆ ಐದೂ ಒಂದೇ ತೂತಿನಲ್ಲಿ ತೂರಿ ಹೋಗಬೇಕು. ಅಳೆಯುವುದೆಲ್ಲ ಆ ತೂತನ್ನೇ.

ಇದರ ಹೆಸರು ಬೆಂಚ್‌ರೆಸ್ಟ್. ಕಾಂಕ್ರೀಟಿನ ಭದ್ರವಾದ ಮೇಜು, ಅದರ ಮೇಲೆ ಮರಳುಚೀಲ, ಚೀಲದ ಮೇಲೆ ರೈಫಲ್. ದೂರ 100 ಗಜ, ಅಥವಾ 200. ಐದು ಗುಂಡಿಗೆ ಏಳು ನಿಮಿಷ. 1951ರಲ್ಲಿ ಈ ಆಟಕ್ಕೆಂದೇ ರಾಷ್ಟ್ರೀಯ ಸಂಘ ಹುಟ್ಟಿತು. ಸ್ಪರ್ಧೆಗಳಲ್ಲಿ ಗುರಿಹಾಳೆಯ ಹಿಂದೆ ಇನ್ನೊಂದು ಕಾಗದದ ಪಟ್ಟಿ ನಿಧಾನವಾಗಿ ಸರಿಯುತ್ತಿರುತ್ತದೆ. ಮುಂದಿನ ಹಾಳೆಯಲ್ಲಿ ಒಂದೇ ತೂತು ಕಂಡರೆ ಐದೂ ಅದರಲ್ಲೇ ಹೋದವೋ, ಇಲ್ಲ ಆಸಾಮಿ ಒಂದೇ ಹೊಡೆದು ಸುಮ್ಮನಾದನೋ? ಹಿಂದಿನ ಪಟ್ಟಿಯಲ್ಲಿ ಐದು ಗುರುತು ಬೇರೆಬೇರೆಯಾಗಿ ಬಿದ್ದಿದ್ದರೆ ಲೆಕ್ಕ ಸರಿ.

ಇಂಚನ್ನು ಸಾವಿರ ಪಾಲು ಮಾಡಿ ಅದರಲ್ಲಿ ಒಂದು ಪಾಲನ್ನು ತೆಗೆದರೆ ಅದು ಲೇತ್ ಕೆಲಸಗಾರರ ಬಾಯಲ್ಲಿ ಒಂದು ‘ಥೌ’. ತಲೆಗೂದಲ ದಪ್ಪ ಹೆಚ್ಚುಕಡಿಮೆ ಮೂರು ಥೌ. 1973ರಲ್ಲಿ ಮ್ಯಾಕ್ ಮೆಕ್‌ಮಿಲನ್ 100 ಗಜದಲ್ಲಿ ಹೊಡೆದ ಐದು ಗುಂಡುಗಳ ಪೈಕಿ ಅತಿ ದೂರದ ಎರಡರ ನಡುಬಿಂದುಗಳ ಅಂತರ 9 ಥೌ, ಅಂದರೆ ಮೂರು ಕೂದಲಿನಷ್ಟು. ಆ ದಾಖಲೆ ನಲವತ್ತು ವರ್ಷ ಅಲುಗಲಿಲ್ಲ. 2013ರಲ್ಲಿ ಮೈಕ್ ಸ್ಟಿನೆಟ್ ಅದನ್ನು ಮುರಿದಾಗ ಅಂತರ 7.7 ಥೌ. ನಲವತ್ತು ವರ್ಷದ ದುಡಿಮೆಗೆ ಸಿಕ್ಕ ಪ್ರಗತಿ ಅರ್ಧ ಕೂದಲು!

ಇಷ್ಟು ಸಣ್ಣ ಲೆಕ್ಕದ ಬೆನ್ನು ಹತ್ತಿದವರಿಗೆ ರೈಫಲ್ಲಿನಲ್ಲಿ ಯಾವುದೂ ಕ್ಷುಲ್ಲಕವಲ್ಲ. ತೋಟಾದ ಹಿತ್ತಾಳೆ ಕೇಸಿನ ಕತ್ತಂತೂ ಖಂಡಿತ ಅಲ್ಲ.

ತೋಟಾವನ್ನು ಪುಟ್ಟ ಸೀಸೆಯಂತೆ ಊಹಿಸಿಕೊಳ್ಳಿ. ಹೊಟ್ಟೆಯಲ್ಲಿ ಮದ್ದು, ಬಾಯಿಗೆ ಬಿರಡೆಯ ಹಾಗೆ ಗುಂಡು. ಗುಂಡನ್ನು ಹಿಡಿದುಕೊಂಡಿರುವ ಭಾಗವೇ ಕತ್ತು. ಕೇಸನ್ನು ಮಾಡುವುದು 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆಯಿಂದ. ಮೊದಲು ಒಂದು ಬಟ್ಟಲು. ಅದನ್ನು ಅಚ್ಚಿನಲ್ಲಿ ಮತ್ತೆಮತ್ತೆ ಒತ್ತಿ, ಎಳೆದು, ಕಾಯಿಸಿ ಉದ್ದ ಮಾಡುತ್ತಾರೆ. ಒತ್ತುವ ಸಲಾಕೆ ನಡುವಿನಿಂದ ಒಂದಿಷ್ಟು ಸರಿದಿದ್ದರೂ ಸಾಕು, ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅಂಥ ಕತ್ತು ಗುಂಡನ್ನು ನೆಟ್ಟಗೆ ಹಿಡಿಯಲಾರದು. ವಾಲಿಕೊಂಡು ಹೊರಟ ಗುಂಡು ವಾಲಿಕೊಂಡೇ ಹೋಗುತ್ತದೆ.

ಇನ್ನೊಂದು ತೊಡಕು ನಳಿಗೆಯ ಬುಡದಲ್ಲಿ, ತೋಟಾ ಕೂರುವ ಚೇಂಬರಿನಲ್ಲಿದೆ. ಕಾರ್ಖಾನೆಯ ರೈಫಲ್ ಯಾವ ಕಂಪನಿಯ ತೋಟಾ ಕೊಟ್ಟರೂ ಒಳಗೆ ಬಿಟ್ಟುಕೊಳ್ಳಬೇಕು, ಕೆಸರಾಗಿದ್ದರೂ ಸಿಕ್ಕಿಕೊಳ್ಳಬಾರದು. ಹಾಗಾಗಿ ಚೇಂಬರನ್ನು ಸಡಿಲವಾಗಿಯೇ ಕೊರೆಯುತ್ತಾರೆ, ಬೆಳೆಯುವ ಮಗುವಿಗೆ ಹೊಲಿಸಿದ ಅಂಗಿಯ ಹಾಗೆ. ಬೇಟೆಗೆ, ಸೈನ್ಯಕ್ಕೆ ಅದೇ ಸರಿ. ಆದರೆ ಗುಂಡು ಹೊಡೆದ ಪ್ರತಿಸಲವೂ ಕೇಸಿನ ಕತ್ತು ಆ ಸಡಿಲ ಜಾಗದಷ್ಟೂ ಹಿಗ್ಗುತ್ತದೆ. ಮತ್ತೆ ಬಳಸಬೇಕೆಂದರೆ ಅಚ್ಚಿಗೆ ಹಾಕಿ ಕುಗ್ಗಿಸಬೇಕು. ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ ಹಿತ್ತಾಳೆ ಪೆಡಸಾಗಿ ಸೀಳುತ್ತದೆ.

ಬೆಂಚ್‌ರೆಸ್ಟಿನ ಹಿರಿಯರು ಎರಡೂ ರೋಗಕ್ಕೆ ಒಂದೇ ಮದ್ದು ಹುಡುಕಿದರು. ಚೇಂಬರಿನ ಕತ್ತನ್ನು ಬೇಕೆಂದೇ ಇಕ್ಕಟ್ಟಾಗಿ ಕೊರೆಯಿಸು, ಅದರೊಳಗೆ ಕೂರುವಷ್ಟು ಕೇಸಿನ ಕತ್ತನ್ನು ಹೊರಗಿನಿಂದ ಕೆತ್ತು. ಈ ಪದ್ಧತಿಯ ಮೇರು ಉದಾಹರಣೆ 6 ಎಂಎಂ ಪಿಪಿಸಿ ಎಂಬ ತೋಟಾ. 1970ರ ದಶಕದ ನಡುವೆ ಇದನ್ನು ರೂಪಿಸಿದವರು ಇಬ್ಬರು: ಉಪಕರಣ ತಯಾರಕ ಫೆರಿಸ್ ಪಿಂಡೆಲ್, ರಕ್ತನಾಳಗಳ ಶಸ್ತ್ರವೈದ್ಯ ಲೂಯಿ ಪಾಮಿಸಾನೊ. ಅವರು ಆಧಾರವಾಗಿ ತೆಗೆದುಕೊಂಡದ್ದು .220 ರಷ್ಯನ್ ಎಂಬ ಕೇಸು. ಅದರ ಮೂಲ ಹುಡುಕುತ್ತ ಹೋದರೆ ಸಿಗುವುದು ಕಲಾಶ್ನಿಕೋವ್ ಬಂದೂಕಿನ 7.62×39 ತೋಟಾ. ಗುರಿಗಿಂತ ಗಡಸುತನಕ್ಕೇ ಹೆಸರಾದ ಬಂದೂಕಿನ ವಂಶದಲ್ಲಿ ಜಗತ್ತಿನ ಅತಿ ನಿಖರ ತೋಟಾಗಳಲ್ಲಿ ಒಂದು ಹುಟ್ಟಿತು.

ಪಿಪಿಸಿಯ ಲೆಕ್ಕ ಹೀಗಿದೆ. ಗುಂಡಿನ ವ್ಯಾಸ 243 ಥೌ. ಇಕ್ಕಟ್ಟಿನ ಚೇಂಬರಿನ ಕತ್ತು ರೂಢಿಯಲ್ಲಿ 262. ಕಾರ್ಖಾನೆಯಿಂದ ಬಂದ ಕೇಸಿನ ಕತ್ತಿನ ಗೋಡೆ 12–13 ಥೌ ದಪ್ಪ. ಎರಡೂ ಬದಿ ಸೇರಿಸಿದರೆ ತೋಟಾ ಒಳಕ್ಕೇ ಹೋಗದು. ಗೋಡೆಯನ್ನು ಎಂಟೂವರೆ ಥೌಗೆ ಕೆತ್ತಿದರೆ ಒಟ್ಟು 260. ಉಳಿದದ್ದು ಎರಡು ಥೌ, ಬದಿಗೊಂದು. ಕೂದಲಿನ ಮೂರನೇ ಒಂದು ಪಾಲು ಹಿಗ್ಗಿ ಗುಂಡನ್ನು ಬಿಟ್ಟುಕೊಡಲು ಅಷ್ಟೇ ಜಾಗ. ಕೆತ್ತುವುದರಲ್ಲಿ ತಪ್ಪಿ ಆ ಜಾಗವೂ ಇಲ್ಲದಂತಾದರೆ ಕತ್ತು ಗುಂಡನ್ನು ಬಿಡುವುದಿಲ್ಲ, ಒಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಅದಕ್ಕೇ ಇಂಥ ನಳಿಗೆಯ ಮೇಲೆ 262 ಎಂಬ ಮೂರು ಅಂಕಿಯನ್ನು ಒತ್ತಿರುತ್ತಾರೆ. ಹಳೆಯ ನಳಿಗೆ ಕೊಳ್ಳುವವರು ಮೊದಲು ನೋಡುವುದು ಅದನ್ನೇ.

ಕೆತ್ತುವ ಕೆಲಸ ನಡೆಯುವುದು ಮನೆಯ ಮೇಜಿನ ಮೇಲೆ. ಕೇಸಿನ ಕತ್ತಿನೊಳಗೆ ಉಕ್ಕಿನ ಕಡ್ಡಿ ತೂರಿಸಿ, ಹೊರಗಿನಿಂದ ಪುಟ್ಟ ಉಳಿ ತಾಗುವಂತೆ ಹಿಡಿದು ತಿರುಗಿಸುತ್ತಾರೆ. ಹಿತ್ತಾಳೆ ಜರಿಯೆಳೆಯ ಹಾಗೆ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ನೋಡಲು ಚೆಂದ. ನೂರನೆಯ ಕೇಸಿಗೆ ಬರುವ ಹೊತ್ತಿಗೆ ಬೆರಳು ಮರಗಟ್ಟಿರುತ್ತದೆ. ತಿಕ್ಕಾಟಕ್ಕೆ ಉಪಕರಣ ಬಿಸಿಯಾಗಿ ಅಳತೆ ಹೊಯ್ದಾಡುತ್ತದೆ. ನಿಲ್ಲಿಸಬೇಕು, ಆರಬೇಕು, ಮೈಕ್ರೋಮೀಟರಿನಲ್ಲಿ ಅಳೆಯಬೇಕು, ಮತ್ತೆ ಹಿಡಿಯಬೇಕು.

ಆಗ ಕೆಲವರು ಕೇಳಿದ ಪ್ರಶ್ನೆ ಬಲು ಸರಳ: ಚಪ್ಪಲಿಗೆ ತಕ್ಕಂತೆ ಕಾಲು ಕೆತ್ತುವುದೇಕೆ? ಕಾಲಿನ ಅಳತೆಗೇ ಚಪ್ಪಲಿ ಹೊಲಿಸಿದರಾಯಿತಲ್ಲ! ಒಳ್ಳೆಯ ಕೇಸನ್ನು ಆರಿಸಿ, ಅದಕ್ಕೆ ಗುಂಡು ಕೂರಿಸಿ, ಕತ್ತಿನ ವ್ಯಾಸ ಅಳೆದು, ಅದಕ್ಕಿಂತ ಎರಡು ಮೂರು ಥೌ ಮಾತ್ರ ದೊಡ್ಡದಿರುವಂತೆ ಚೇಂಬರಿನ ಕತ್ತನ್ನು ಮಾಡಿಸುವುದು. ಕಾರ್ಖಾನೆಯ ಸಡಿಲವೂ ಇಲ್ಲ, ಪಿಪಿಸಿಯ ಇಕ್ಕಟ್ಟೂ ಇಲ್ಲ. 6 ಎಂಎಂ ಬಿಆರ್ ನೋರ್ಮಾ ತೋಟಾಕ್ಕೆ ಇಂಥ ಚೇಂಬರಿನ ಕತ್ತಿನ ಅಳತೆ ಸುಮಾರು 272 ಥೌ. ಕೇಸನ್ನು ಡಬ್ಬಿಯಿಂದ ತೆಗೆದು ಹಾಗೇ ಬಳಸಬಹುದು.

ಕೊರೆಯಲು ಬೇಕಾದದ್ದು ರೀಮರ್. ತೋಟಾದ ಆಕಾರವನ್ನೇ ಹೊತ್ತ, ಮೈತುಂಬ ಅಲಗುಗಳಿರುವ ಉಕ್ಕಿನ ಕೊರೆ ಇದು. ಅಮೆರಿಕದ ಆರಿಗನ್ ರಾಜ್ಯದ ಕೂಸ್ ಬೇ ಊರಿನಲ್ಲಿ ಗಿರಾಕಿ ಕೇಳಿದ ಅಳತೆಗೆ ಇದನ್ನು ಅರೆದುಕೊಡುವ ಕಾರ್ಖಾನೆಯೊಂದಿದೆ. ಕೋವಿ ಕಸುಬುದಾರ ನಳಿಗೆಯನ್ನು ಲೇತ್‌ಗೆ ಏರಿಸಿ, ಡಯಲ್ ಇಂಡಿಕೇಟರಿನ ಮುಳ್ಳು ಅಲುಗದಷ್ಟು ನೆಟ್ಟಗೆ ಕೂರಿಸಿ, ಎಣ್ಣೆ ಹನಿಸುತ್ತ, ರೀಮರನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ಬಿಡುತ್ತಾನೆ. ಈಗಾಗಲೇ ಇಕ್ಕಟ್ಟಾಗಿರುವ ಚೇಂಬರನ್ನು ಬದಲಿಸುವುದು ಇನ್ನೂ ಹಗುರ. ಕತ್ತನ್ನಷ್ಟೇ ಹಿಗ್ಗಿಸುವ ಬೇರೆ ರೀಮರ್ ಇದೆ. ತಿರುಗುಮುರುಗು ಮಾತ್ರ ಆಗದು. ಕೊರೆದ ಉಕ್ಕು ಮರಳಿ ಬರುವುದಿಲ್ಲ. ಸಡಿಲ ಚೇಂಬರನ್ನು ಬಿಗಿ ಮಾಡಬೇಕಾದರೆ ನಳಿಗೆಯ ಬುಡವನ್ನೇ ಕತ್ತರಿಸಿ ಹೊಸದಾಗಿ ಕೊರೆಯಬೇಕು.

ಇಷ್ಟಕ್ಕೂ ಈ ದಾರಿ ಸುಗಮವಾದದ್ದು ಅಮೆರಿಕದ ಲೇತ್‌ಗಳಿಂದಲ್ಲ, ಫಿನ್‌ಲೆಂಡಿನ ಹಿತ್ತಾಳೆಯಿಂದ. ಕತ್ತಿನ ಗೋಡೆ ಸುತ್ತಲೂ ಒಂದೇ ಸಮ ಇಲ್ಲದಿದ್ದರೆ ಕೆತ್ತದೆ ಬಿಡುವ ಮಾತೇ ಇಲ್ಲ. ಲಾಪುವಾ ಎಂಬ ಊರಿನ ಕಾರ್ಖಾನೆ ಆ ಸಮತೆಯನ್ನು ಸಾಧಿಸಿತು. 1923ರಲ್ಲಿ ಶುರುವಾದ ಈ ತೋಟಾ ಕಾರ್ಖಾನೆಯ ಹೆಸರನ್ನು ಫಿನ್‌ಲೆಂಡಿನವರು ನೆನೆಯುವುದು ಬೇರೆಯೇ ಕಾರಣಕ್ಕೆ: 1976ರ ಏಪ್ರಿಲ್ 13ರಂದು ಅಲ್ಲಿ ನಡೆದ ಸ್ಫೋಟದಲ್ಲಿ 40 ಮಂದಿ ಸತ್ತರು, ಅವರಲ್ಲಿ ಬಹುಪಾಲು ಹೆಂಗಸರು.

ಕೆತ್ತದ ಕತ್ತು ಕೆತ್ತಿದ ಕತ್ತಿಗೆ ಸಮವೇ? ಪಿಪಿಸಿ ಹಿಡಿದು 100 ಗಜದಲ್ಲಿ ಒಂದು ಕೂದಲಿಗಾಗಿ ಹೋರಾಡುವವರಲ್ಲಿ ಹೆಚ್ಚಿನವರು ಇವತ್ತಿಗೂ ಉಳಿ ಬಿಟ್ಟಿಲ್ಲ. ಉಳಿದವರಿಗೆ ಗಾಳಿಯೇ ದೊಡ್ಡ ಶತ್ರು. 1980ರ ದಶಕದ ಆರಂಭದಲ್ಲಿ ಟೆಕ್ಸಸ್ಸಿನ ಹ್ಯೂಸ್ಟನ್ನಿನಲ್ಲಿ ಕೆಲವರು ಉದ್ದನೆಯ ಗೋದಾಮಿನೊಳಗೆ ಮೇಜು ಹಾಕಿ 100 ಗಜಕ್ಕೆ ಗುಂಡು ಹೊಡೆದದ್ದೇ ಗಾಳಿಯ ಕಾಟ ತಪ್ಪಿಸಿ ರೈಫಲ್ಲಿನ ನಿಜವಾದ ತಾಕತ್ತು ನೋಡಲೆಂದು. ಬಯಲಿನಲ್ಲಿ ಒಂದು ಬೀಸು ಗಾಳಿ ಗುಂಡನ್ನು ಸರಿಸುವ ದೂರದ ಮುಂದೆ ಕತ್ತಿನ ಅರ್ಧ ಥೌ ಏರುಪೇರು ಲೆಕ್ಕಕ್ಕೇ ಬಾರದು. ಜಿಂಕೆ ಬೇಟೆಗೆ ಹೊರಟವನು ಕತ್ತು ಕೆತ್ತುತ್ತ ಕೂತರೆ ಅದು ಅವನ ಶೋಕಿ, ಅಷ್ಟೆ.

ಆದರೆ ಕಾಲಿನ ಅಳತೆಗೆ ಹೊಲಿಸಿದ ಚಪ್ಪಲಿ ಆ ಕಾಲಿಗೇ ಸರಿ. ಮೂರು ವರ್ಷ ಬಿಟ್ಟು ಕೊಂಡ ಅದೇ ಕಂಪನಿಯ ಹೊಸ ಡಬ್ಬಿಯಲ್ಲಿ ಗೋಡೆ ಒಂದು ಥೌ ದಪ್ಪ ಬಂದರೆ ಬಿಟ್ಟಿದ್ದ ಎರಡು ಥೌ ಸಡಿಲವೂ ಅಲ್ಲಿಗೆ ಮುಗಿಯಿತು. ಆಗ ಕಪಾಟಿನ ಮೂಲೆಯಲ್ಲಿ ಧೂಳು ಹಿಡಿದಿದ್ದ ಉಳಿಯನ್ನು ಒರೆಸಿ ಮೇಜಿಗೆ ತರಲೇಬೇಕು.