ಮಾಳಿಗೆಯ ಸುತ್ತಣ ಗೋಡೆ: ಮದ್ಯದ ಸಾವು, ಶಾಸನಸಭೆ ಮತ್ತು ಧರ್ಮಸಭೆ

2025ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ವಿಧಾನಸಭೆಯಲ್ಲಿ ಆಯವ್ಯಯದ ಮೇಲಿನ ಚರ್ಚೆ ನಡೆಯುತ್ತಿದ್ದಾಗ ತುರುವೇಕೆರೆಯ ಶಾಸಕ ಎಂ.ಟಿ. ಕೃಷ್ಣಪ್ಪನವರು, ಮಹಿಳೆಯರಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಸರ್ಕಾರವು ಕುಡಿಯುವ ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಮದ್ಯವನ್ನು ಉಚಿತವಾಗಿ ಕೊಡಲಿ ಎಂದರು. ಅದೇ ಚರ್ಚೆಯಲ್ಲಿ ಆಳಂದದ ಶಾಸಕ ಬಿ.ಆರ್. ಪಾಟೀಲರು ಅಬಕಾರಿ ಆದಾಯವನ್ನು ಪಾಪದ ಹಣವೆಂದೂ ಬಡವರಿಂದ ಹೀರಿದ ರಕ್ತವೆಂದೂ ಕರೆದು, ಪಾನನಿಷೇಧಕ್ಕೆ ಒತ್ತಾಯಿಸಿದರು. ಆ ಆಯವ್ಯಯದಲ್ಲಿ ಅಬಕಾರಿ ಇಲಾಖೆಗೆ ನಿಗದಿಯಾಗಿದ್ದ ಗುರಿ 40,000 ಕೋಟಿ ರೂಪಾಯಿ. ಮರುದಿನದ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದದ್ದು ಎರಡು ಬಾಟಲಿಗಳ ಮಾತು.

ಪಾಟೀಲರ ಮಾತು ನಮ್ಮ ಕಿವಿಗೆ ಪರಿಚಿತವಾದದ್ದು. ಪ್ರಬೋಧನಾಪೀಠದಿಂದ ನಾವು ಆಡುವುದೂ ಹೆಚ್ಚುಕಡಿಮೆ ಅದನ್ನೇ. ಆದರೂ ಮದ್ಯವನ್ನು ಆದಾಯವೆಂದು ಕಾಣುವವರಿಗೂ ಪಾಪವೆಂದು ಕಾಣುವವರಿಗೂ ನಡುವೆ ಮೂರನೆಯದೊಂದು ಪ್ರಶ್ನೆ ಉತ್ತರವಿಲ್ಲದೆ ನಿಂತಿದೆ: ಕುಡಿದವನು ಸಾಯದಂತೆ ಮಾಡುವುದು ಕಾನೂನಿನ ಕೆಲಸವೇ, ಹೌದಾದರೆ ಹೇಗೆ? ಈ ಪ್ರಶ್ನೆಯನ್ನು ಶಾಸನಸಭೆಯ ಮುಂದಿಡುವ ಹೊಣೆ ಧರ್ಮಸಭೆಯದೂ ಹೌದೆಂಬುದು ಈ ಲೇಖನದ ವಾದ.

ಹಿನ್ನೆಲೆಯನ್ನು ಚಿಕ್ಕದಾಗಿ ನೆನೆಯಬಹುದು. ಸಂವಿಧಾನದ 47ನೇ ವಿಧಿಯು ಪಾನನಿಷೇಧವನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಸೇರಿಸಿದೆ. ಹಳೆಯ ಮೈಸೂರು ರಾಜ್ಯವು ಪಾನನಿಷೇಧವನ್ನು ಅನುಸರಿಸಿ, 1967ರಲ್ಲಿ ಕೈಬಿಟ್ಟಿತು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮಿಶ್ರಿತ ಮದ್ಯ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಸಾರಾಯಿ ಆಗ ಕಾನೂನುಬದ್ಧವಾಗಿಯೇ ಮಾರಾಟವಾಗುತ್ತಿತ್ತು. ಅಗ್ಗದ್ದನ್ನು ಹುಡುಕುವ ಬಡವನಿಗೆ ಅದಕ್ಕಿಂತಲೂ ಅಗ್ಗದ್ದನ್ನು ಒದಗಿಸುವ ಕಳ್ಳಪೇಟೆ ಅದರ ಬೆನ್ನಿಗೇ ಇತ್ತು.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಎಚ್.ಡಿ. ಕುಮಾರಸ್ವಾಮಿಯವರ ನೇತೃತ್ವದ ಸಮ್ಮಿಶ್ರ ಸರ್ಕಾರದಲ್ಲಿ ಹಣಕಾಸು ಖಾತೆಯನ್ನೂ ಹೊಂದಿದ್ದ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಆ ವರ್ಷದ ಆಯವ್ಯಯದಲ್ಲಿ ಅದನ್ನು ಘೋಷಿಸಿದ್ದರು. ಇದರ ಹಿಂದೆ ಊರೂರಿನ ಹೆಣ್ಣುಮಕ್ಕಳ ಹೋರಾಟವಿತ್ತೆಂಬುದನ್ನು ಮರೆಯಲಾಗದು. ಗಂಡನ ಕೂಲಿ ಮನೆಗೆ ಬರುವ ಮೊದಲೇ ಪೊಟ್ಟಣದ ಅಂಗಡಿಯಲ್ಲಿ ಕರಗುವುದನ್ನು ಕಂಡವರು ಅವರು. ಅವರ ಬೇಡಿಕೆಯನ್ನು ಅವಾಸ್ತವವೆಂದು ತಳ್ಳಿಹಾಕುವ ಪಂಡಿತರ ಜೊತೆ ನಾನು ನಿಲ್ಲಲಾರೆ.

ನಿಷೇಧಕ್ಕೆ ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಮತ್ತು ಕೋಲಾರದ ಸುತ್ತಲೂ ಗಡಿಯಾಚೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲೂ ಕಳ್ಳಭಟ್ಟಿ ಕುಡಿದು 150ಕ್ಕೂ ಹೆಚ್ಚು ಮಂದಿ ಪ್ರಾಣಬಿಟ್ಟರು. ಆ ದಿನಗಳಲ್ಲಿ ಕರ್ನಾಟಕದಲ್ಲಿ ವಿಧಾನಸಭೆಯೇ ಇರಲಿಲ್ಲ. 2007ರ ನವೆಂಬರಿನಲ್ಲಿ ಅದು ವಿಸರ್ಜನೆಗೊಂಡು, ರಾಜ್ಯ ರಾಷ್ಟ್ರಪತಿ ಆಳ್ವಿಕೆಯಲ್ಲಿತ್ತು. ಮೂರು ಹಂತಗಳ ಚುನಾವಣೆ ನಡೆಯುತ್ತಿತ್ತು. ಸಾರಾಯಿಯನ್ನು ನಿಷೇಧಿಸಿದ ಸದನವು ಆ ಸಾವುಗಳಿಗೆ ಉತ್ತರ ಹೇಳಬೇಕಾದ ಸಂದರ್ಭವೇ ಒದಗಲಿಲ್ಲ.

ಈ ಸಾವು ಹೇಗೆ ಬರುತ್ತದೆಂಬುದನ್ನು ಗುರುಗಳಾದವರು ತಿಳಿದಿರಬೇಕು. ನಮ್ಮ ವಾದದ ಗಂಟು ಇರುವುದು ಅಲ್ಲಿಯೇ. ಕಳ್ಳಭಟ್ಟಿಯಲ್ಲಿ ಕೊಲ್ಲುವ ವಸ್ತು ಸಾಮಾನ್ಯವಾಗಿ ಮೆಥನಾಲ್. ಬಣ್ಣ, ದ್ರಾವಕ ಮೊದಲಾದವುಗಳ ತಯಾರಿಕೆಗೆ ಬಳಕೆಯಾಗುವ ಈ ದ್ರವ ರುಚಿಯಲ್ಲೂ ವಾಸನೆಯಲ್ಲೂ ಕುಡಿಯುವ ಮದ್ಯಸಾರವಾದ ಎಥನಾಲನ್ನು ಹೋಲುತ್ತದೆ. ಕುಡಿದ ಕ್ಷಣಕ್ಕೆ ಅದು ವಿಷವೆಂದು ತಿಳಿಯುವುದಿಲ್ಲ. ಪಿತ್ತಜನಕಾಂಗದ ಒಂದು ಕಿಣ್ವವು ಅದನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿ ಪರಿವರ್ತಿಸುತ್ತದೆ, ಅದು ಬಳಿಕ ಫಾರ್ಮಿಕ್ ಆಮ್ಲವಾಗುತ್ತದೆ. ಆ ಆಮ್ಲವು ಕಣ್ಣಿನ ನರವನ್ನು ಸುಡುತ್ತದೆ, ರಕ್ತವನ್ನು ಆಮ್ಲೀಯಗೊಳಿಸುತ್ತದೆ. ಇದಕ್ಕೆಲ್ಲ ಬಹುಮಟ್ಟಿಗೆ 12ರಿಂದ 24 ಗಂಟೆಗಳು ಹಿಡಿಯುತ್ತವೆ. ಅಷ್ಟರೊಳಗೆ ರೋಗಿಯು ಆಸ್ಪತ್ರೆ ಸೇರಿದರೆ ಬದುಕಿಸಬಹುದು. ವಿಚಿತ್ರವೆಂದರೆ ಇದಕ್ಕಿರುವ ಪ್ರತಿವಿಷಗಳಲ್ಲೊಂದು ಎಥನಾಲೇ. ಎರಡೂ ಒಂದೇ ಕಿಣ್ವಕ್ಕಾಗಿ ಪೈಪೋಟಿ ನಡೆಸುತ್ತವೆ. ವೈದ್ಯರು ಎಥನಾಲನ್ನು ಅಳತೆಯಾಗಿ ಕೊಟ್ಟರೆ ಕಿಣ್ವವು ಅದರಲ್ಲಿ ತೊಡಗಿ, ಮೆಥನಾಲ್ ವಿಷವಾಗದೆ ಉಳಿಯುತ್ತದೆ. ಬಳಿಕ ಡಯಾಲಿಸಿಸ್ ಮೂಲಕ ಅದನ್ನು ರಕ್ತದಿಂದ ತೆಗೆಯುತ್ತಾರೆ. ಫೊಮೆಪಿಜೋಲ್ ಎಂಬ ಮದ್ದೂ ಇದೆ, ಬಹು ದುಬಾರಿ.

ಹೀಗಾಗಿ ಮೊದಲ ಗುಟುಕಿಗೂ ಸಾವಿಗೂ ನಡುವೆ ಒಂದು ಹಗಲೋ ರಾತ್ರಿಯೋ ಇದೆ. ಆ ಅವಧಿಯಲ್ಲಿ ನಡೆಯುವುದನ್ನು ನಿರ್ಧರಿಸುವ ಸಂಗತಿಗಳು ಪಾಪಪುಣ್ಯದ ಚರ್ಚೆಗೆ ಸೇರಿದವಲ್ಲ: ಆಸ್ಪತ್ರೆ ಎಷ್ಟು ದೂರ, ಅಲ್ಲಿನ ವೈದ್ಯರಿಗೆ ಲಕ್ಷಣ ಗೊತ್ತೇ, ಮದ್ದು ಇದೆಯೇ, ಮನೆಯವರು ಪೊಲೀಸರಿಗೆ ಹೆದರುತ್ತಾರೆಯೇ. ಹೆಗ್ಗಡದೇವನಕೋಟೆ ಸೀಮೆಯ ಎನ್. ಬೇಗೂರಿನಂಥ ಕಾಡಂಚಿನ ಊರನ್ನು ಕಲ್ಪಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ಸುತ್ತ ಜೇನುಕುರುಬರ, ಕಾಡುಕುರುಬರ ಹಾಡಿಗಳು. ಕಬಿನಿ ಜಲಾಶಯಕ್ಕಾಗಿಯೂ ನಾಗರಹೊಳೆಯ ಸಂರಕ್ಷಿತ ಅರಣ್ಯಕ್ಕಾಗಿಯೂ ನೆಲೆ ಕಳೆದುಕೊಂಡ ಕುಟುಂಬಗಳು. ಕೂಲಿಗಾಗಿ ಕೊಡಗಿನ ತೋಟಗಳಿಗೆ ಹೋಗಿ ಬರುವ ಜನ. ತಾಲ್ಲೂಕು ಕೇಂದ್ರದಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರು. ಹಾಡಿಯಿಂದ ತಾಲ್ಲೂಕು ಕೇಂದ್ರದವರೆಗಿನ ದಾರಿ ಬೇರೆ, ಸಂಜೆಯ ಬಸ್ಸು ತಪ್ಪಿದರೆ ಮರುದಿನದವರೆಗೆ ಕಾಯಬೇಕಾಗುವ ದಾರಿ. ಇಂಥಲ್ಲಿ ಕಣ್ಣು ಮಂಜಾಗುತ್ತಿದೆ ಎಂದವನನ್ನು, ಇನ್ನೂ ಅಮಲು ಇಳಿದಿಲ್ಲ, ಮಲಗಲಿ ಎಂದು ಬಿಟ್ಟುಬಿಡುವುದು ಅತ್ಯಂತ ಸಹಜ.

ಬೇರೆ ರಾಜ್ಯಗಳ ಶಾಸನಸಭೆಗಳು ಈ ಸಾವಿಗೆ ಕೊಟ್ಟ ಉತ್ತರಗಳನ್ನು ನೋಡಬೇಕು. ಬಿಹಾರವು 2016ರ ಏಪ್ರಿಲ್‌ನಲ್ಲಿ ಸಂಪೂರ್ಣ ಪಾನನಿಷೇಧವನ್ನು ತಂದು, ಕುಡಿಯುವುದನ್ನೇ ಅಪರಾಧವಾಗಿಸಿತು. 2022ರ ಡಿಸೆಂಬರಿನಲ್ಲಿ ಸಾರಣ್ ಜಿಲ್ಲೆಯಲ್ಲಿ ವಿಷಮದ್ಯಕ್ಕೆ 70ಕ್ಕೂ ಹೆಚ್ಚು ಮಂದಿ ಬಲಿಯಾದಾಗ ಮುಖ್ಯಮಂತ್ರಿ ನಿತೀಶ್ ಕುಮಾರ್ ಅವರು, ಕುಡಿದರೆ ಸಾವೇ ಗತಿಯೆಂಬ ಅರ್ಥದ ಮಾತನ್ನಾಡಿ, ಪರಿಹಾರವನ್ನು ನಿರಾಕರಿಸಿದರು. ಕೆಲವೇ ತಿಂಗಳಲ್ಲಿ ಆ ನಿಲುವು ಬದಲಾಗಿ, ಮೃತರ ಕುಟುಂಬಗಳಿಗೆ 4 ಲಕ್ಷ ರೂಪಾಯಿ ಘೋಷಣೆಯಾಯಿತು. ತಮಿಳುನಾಡಿನಲ್ಲಿ 2024ರ ಜೂನ್‌ನಲ್ಲಿ ಕಲ್ಲಕುರಿಚಿಯ ದುರಂತವು 60ಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡಾಗ ಸದನವು ಅದೇ ತಿಂಗಳು ಕಾಯ್ದೆಗೆ ತಿದ್ದುಪಡಿ ತಂದು, ಇಂಥ ಸಾವಿಗೆ ಕಾರಣರಾದವರಿಗೆ ಜೀವಾವಧಿ ಶಿಕ್ಷೆಯವರೆಗೂ ದಂಡನೆಯನ್ನು ಏರಿಸಿತು. ಮಾರಿದವನಿಗೆ ಕಠಿಣ ಶಿಕ್ಷೆ ನ್ಯಾಯವೇ. ಆದರೆ ಆ 24 ಗಂಟೆಗಳ ಒಳಗೆ ಅದು ಯಾರನ್ನೂ ತಲುಪುವುದಿಲ್ಲ.

ಕುಡಿದವನಿಗೆ ಸಾವೇ ಗತಿಯೆಂಬ ಮಾತು ಒಂದು ದೇವಶಾಸ್ತ್ರವನ್ನು ಒಳಗೊಂಡಿದೆ, ಆಡಿದವರಿಗೆ ಅದು ತಿಳಿದಿರಲಿ ಬಿಡಲಿ. ಸಾವನ್ನು ನೋಡಿ ಸತ್ತವನ ಅಪರಾಧವನ್ನು ಅಳೆಯುವ ದೇವಶಾಸ್ತ್ರ ಅದು. ಲೂಕನ ಶುಭಸಂದೇಶದ 13ನೇ ಅಧ್ಯಾಯದ ಆರಂಭದಲ್ಲಿ ಪ್ರಭು ಎದುರಿಸುವುದು ಇದನ್ನೇ. ಸಿಲೋವಾಮಿನ ಗೋಪುರ ಕುಸಿದು ಸತ್ತ ಹದಿನೆಂಟು ಮಂದಿ ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂಬ ಎಣಿಕೆಯನ್ನು ಅವರು ಖಚಿತವಾಗಿ ನಿರಾಕರಿಸಿ, ಪಶ್ಚಾತ್ತಾಪದ ಕರೆಯನ್ನು ಬದುಕಿರುವ ಕೇಳುಗರ ಕಡೆಗೇ ತಿರುಗಿಸುತ್ತಾರೆ. ಆ ಹದಿನೆಂಟು ಮಂದಿ ಏನು ಮಾಡುತ್ತಿದ್ದರೆಂಬುದನ್ನು ಅವರು ವಿಚಾರಿಸುವುದೂ ಇಲ್ಲ. ಸಾರಣ್‌ನ ಮೃತರು ಕುಡಿದಿದ್ದರು ನಿಜ. ಅದೇ ಸಂಜೆ ಸರ್ಕಾರದ ಮುದ್ರೆಯುಳ್ಳ ಬಾಟಲಿಯಿಂದ ಬೇರೆ ರಾಜ್ಯಗಳಲ್ಲಿ ಕುಡಿದವರು ಬದುಕಿ ಬೆಳಗನ್ನು ಕಂಡರು. ಇಬ್ಬರ ನಡುವಿನ ವ್ಯತ್ಯಾಸ ಪಾಪದ್ದಲ್ಲ, ಪಾತ್ರೆಯಲ್ಲಿದ್ದ ವಸ್ತುವಿನದು.

ಹಾಗಾದರೆ ಕಾನೂನು ದುರ್ವ್ಯಸನವನ್ನು ತಡೆಯಬಾರದೇ? ಸಂತ ಥಾಮಸ್ ಅಕ್ವಿನಾಸರು ದೇವಶಾಸ್ತ್ರ ಸಂಗ್ರಹದ ಎರಡನೆಯ ಭಾಗದ ಮೊದಲ ಖಂಡದಲ್ಲಿ, 96ನೇ ಪ್ರಶ್ನೆಯ ಎರಡನೆಯ ಉಪಪ್ರಶ್ನೆಯಾಗಿ ಇದನ್ನೇ ಎತ್ತಿಕೊಂಡಿದ್ದಾರೆ. ಮಾನವ ಕಾನೂನು ಸದ್ಗುಣದಲ್ಲಿ ಪರಿಪೂರ್ಣರಲ್ಲದ ಬಹುಜನರಿಗಾಗಿ ರಚಿತವಾದದ್ದು. ಆದ್ದರಿಂದ ಅದು ಎಲ್ಲ ದುರ್ಗುಣಗಳನ್ನೂ ನಿಷೇಧಿಸದೆ, ಮುಖ್ಯವಾಗಿ ಇತರರಿಗೆ ಕೇಡು ಮಾಡುವಂಥವನ್ನು ನಿಷೇಧಿಸುತ್ತದೆ ಎಂಬುದು ಅವರ ಉತ್ತರ. ಹೊರಲಾಗದ ಭಾರವನ್ನು ಹೊರಿಸಿದರೆ ಜನ ಕಟ್ಟಳೆಯನ್ನೇ ತಿರಸ್ಕರಿಸಿ ಇನ್ನೂ ಹೆಚ್ಚಿನ ಕೆಡುಕಿಗೆ ಬೀಳುತ್ತಾರೆಂದು ಎಚ್ಚರಿಸುವಾಗ ಅವರು ನೆನೆಯುವುದು ಹಳೆಯ ಬುದ್ದಲಿಗಳಲ್ಲಿ ತುಂಬಿದ ಹೊಸ ದ್ರಾಕ್ಷಾರಸವನ್ನು. ಮದ್ಯದ ಚರ್ಚೆಗೆ ಈ ಉಪಮೆ ಇಷ್ಟು ಹೊಂದೀತೆಂದು ಅವರೇನೂ ಎಣಿಸಿರಲಿಕ್ಕಿಲ್ಲ!

ಅಕ್ವಿನಾಸರು ಹಾಕುವ ಮಿತಿಗೆ ಜೊತೆಯಾಗಿ ಧರ್ಮೋಪದೇಶಕಾಂಡ 22:8 ಒಂದು ಕರ್ತವ್ಯವನ್ನು ವಿಧಿಸುತ್ತದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು. ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧ ಮನೆಯ ಮೇಲೆ. ಈ ಕಟ್ಟಳೆಯನ್ನು ನಿಧಾನವಾಗಿ ಓದಬೇಕು. ಮಾಳಿಗೆ ಹತ್ತಬಾರದೆಂದು ಅದು ಹೇಳುವುದಿಲ್ಲ. ಬಿದ್ದವನು ಎಚ್ಚರ ತಪ್ಪಿದ್ದನೇ, ಅಮಲಿನಲ್ಲಿದ್ದನೇ ಎಂದು ಕೇಳುವುದಿಲ್ಲ. ಹೊಣೆಯನ್ನು ಹೊರಿಸುವುದು ಮನೆ ಕಟ್ಟಿದವನ ಮೇಲೆ. 40,000 ಕೋಟಿಯ ಗುರಿಯಿಟ್ಟ ಸರ್ಕಾರ ಈ ವಿಷಯದಲ್ಲಿ ಮನೆ ಕಟ್ಟಿದವನೇ ಅಲ್ಲವೇ? 2007ರ ನಿಷೇಧ ತಪ್ಪಾಗಿರಲಿಲ್ಲವೆಂದು ನಾನು ಭಾವಿಸುತ್ತೇನೆ. ಅಗ್ಗದ ಮದ್ಯವನ್ನು ಒಮ್ಮೆಲೇ ತೆಗೆದಾಗ ಅದಕ್ಕೆ ಅಂಟಿಕೊಂಡಿದ್ದವರು ಎತ್ತ ಹೋಗುವರೆಂದು ಯೋಚಿಸಿ ಅತ್ತ ಗೋಡೆ ಎತ್ತದಿದ್ದುದು ತಪ್ಪು.

ಈ ಗೋಡೆಯನ್ನು ಧರ್ಮಸಭೆ ಎಲ್ಲಿಯವರೆಗೆ ಕಟ್ಟಬಹುದೆಂಬ ಬಿಕ್ಕಟ್ಟಿಗೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಒಂದು ನಿದರ್ಶನವಿದೆ. ಹೆರಾಯಿನ್ ಸಾವುಗಳು ಏರಿದ್ದ 1999ರ ಮೇ ತಿಂಗಳಲ್ಲಿ ನ್ಯೂ ಸೌತ್ ವೇಲ್ಸ್ ಸಂಸತ್ತು ಮಾದಕವಸ್ತುಗಳ ಬಗ್ಗೆಯೇ ವಿಶೇಷ ಸಮಾವೇಶ ನಡೆಸಿತು. ವ್ಯಸನಿಗಳು ದಾದಿಯರ ಕಣ್ಣೆದುರಿಗೆ ಚುಚ್ಚಿಕೊಳ್ಳುವ, ಉಸಿರು ನಿಂತರೆ ಕೂಡಲೇ ಚಿಕಿತ್ಸೆ ಸಿಗುವ ಕೇಂದ್ರವನ್ನು ಪ್ರಯೋಗಕ್ಕೆ ತರಲು ಒಪ್ಪಿಗೆಯಾಯಿತು. ಅದನ್ನು ನಡೆಸಲು ಮುಂದೆ ಬಂದವರು ಕಥೋಲಿಕ ಕನ್ಯಾಸ್ತ್ರೀಯರಾದ ಸಿಸ್ಟರ್ಸ್ ಆಫ್ ಚಾರಿಟಿ. ಅದೇ ವರ್ಷ, ಕಾರ್ಡಿನಲ್ ರಾಟ್ಸಿಂಗರ್ ನೇತೃತ್ವದ ವಿಶ್ವಾಸಬೋಧನಾ ಆಯೋಗ ಅವರನ್ನು ಹಿಂದೆ ಸರಿಯುವಂತೆ ಸೂಚಿಸಿತು, ಅವರು ವಿಧೇಯರಾದರು. ಯುನೈಟಿಂಗ್ ಚರ್ಚ್ ಆ ಹೊಣೆ ಹೊತ್ತು, 2001ರ ಮೇ ತಿಂಗಳಲ್ಲಿ ಕಿಂಗ್ಸ್ ಕ್ರಾಸ್‌ನಲ್ಲಿ ಕೇಂದ್ರವನ್ನು ತೆರೆಯಿತು. 2010ರಲ್ಲಿ ಸಂಸತ್ತು ಅದಕ್ಕೆ ಶಾಶ್ವತ ಮಾನ್ಯತೆ ಕೊಡುವ ಹೊತ್ತಿಗೆ ಮಿತಿಮೀರಿದ ಸೇವನೆಯ ಸಾವಿರಾರು ಪ್ರಕರಣಗಳನ್ನು ಅಲ್ಲಿ ನಿಭಾಯಿಸಲಾಗಿತ್ತು, ಒಂದು ಸಾವೂ ಆಗಿರಲಿಲ್ಲ.

ವ್ಯಾಟಿಕನ್ನಿನ ಆತಂಕವನ್ನು ಹಗುರವಾಗಿ ಕಾಣಬಾರದು. ಕೆಡುಕಿನಲ್ಲಿ ಸಹಕಾರ ಎಂಬ ನೈತಿಕ ದೇವಶಾಸ್ತ್ರದ ಪ್ರಕರಣ ಇಲ್ಲಿ ನಿಜವಾಗಿಯೂ ಅನ್ವಯಿಸುತ್ತದೆ. ಮಾದಕವಸ್ತುಗಳ ಕಾನೂನುಬದ್ಧತೆಯನ್ನು ಪೋಪ್ ಫ್ರಾನ್ಸಿಸ್ ಅವರೂ 2014ರಲ್ಲಿ ಸ್ಪಷ್ಟವಾಗಿ ವಿರೋಧಿಸಿದ್ದರು. ಸಿಡ್ನಿಯ ಪ್ರಶ್ನೆ ಗುರುಮಠದ ತರಗತಿಯಲ್ಲಿ ಇನ್ನೂ ಚರ್ಚೆಗೆ ತಕ್ಕದ್ದು. ನಮ್ಮ ಪ್ರಶ್ನೆಗೆ ಮಾತ್ರ ಆ ತೊಡಕಿಲ್ಲ. ಸೇವನೆಗೆ ಜಾಗ ಒದಗಿಸುವುದು ಒಂದು, ಈಗಾಗಲೇ ಕುಡಿದವನನ್ನು ಬದುಕಿಸುವುದು ಇನ್ನೊಂದು. ಮೆಥನಾಲ್ ಕುಡಿದವನಿಗೆ ವೈದ್ಯರು ಕೊಡುವ ಎಥನಾಲ್ ಔಷಧ. ಅದರಲ್ಲಿ ಸಹಕಾರದ ಪ್ರಶ್ನೆಯೇ ಹುಟ್ಟದು.

ಆದ್ದರಿಂದ ಕ್ಷೇತ್ರದ ಶಾಸಕರನ್ನು ಕಂಡಾಗ, ಅಥವಾ ಅವರು ಹಬ್ಬದ ದಿನ ಚರ್ಚಿಗೆ ಬಂದಾಗ, ಧರ್ಮಕೇಂದ್ರದ ಗುರುಗಳು ಕೇಳಬಹುದಾದದ್ದು ಬಹಳ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮೆಥನಾಲ್ ವಿಷಕ್ಕೆ ಮದ್ದು ಇದೆಯೇ? ಕಾರ್ಖಾನೆಗೆಂದು ಹೊರಟ ಮೆಥನಾಲ್ ಕಳ್ಳಭಟ್ಟಿಗೆ ಸೋರದಂತೆ ಲೆಕ್ಕ ಇಡುವವರು ಯಾರು? ಕುಡಿದವನನ್ನು ಆಸ್ಪತ್ರೆಗೆ ತಂದವರ ಮೇಲೆ ಪ್ರಕರಣ ದಾಖಲಾಗದೆಂಬ ಭರವಸೆಯನ್ನು ಹಾಡಿಯ ಜನಕ್ಕೆ ಅವರ ಮಾತಿನಲ್ಲೇ ಹೇಳಿದ್ದಾರೆಯೇ? ಅಬಕಾರಿ ಆದಾಯದಲ್ಲಿ ವ್ಯಸನಮುಕ್ತಿ ಚಿಕಿತ್ಸೆಗೆ ಎಷ್ಟು ಹೋಗುತ್ತದೆ? ಇತರ ಮಾದಕವಸ್ತುಗಳ ವಿಷಯದಲ್ಲೂ ಹೀಗೆಯೇ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು, ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಸಣ್ಣ ಪ್ರಮಾಣದ ಅಪರಾಧಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಮೈಸೂರಿಗೇ ಬಂದು ಮೆಫೆಡ್ರೋನ್ ತಯಾರಿಕಾ ಘಟಕವನ್ನು ಪತ್ತೆಹಚ್ಚಿದ ಮೇಲೆ ಈ ಕಲಮು ನಮ್ಮ ಯುವಜನರ ಸಂಘಗಳಿಗೆ ದೂರದ ವಿಷಯವಾಗಿ ಉಳಿದಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಸೀಮೆಯ ಗುರುಗಳಿಗೆ ಇನ್ನೊಂದು ಮುಜುಗರವೂ ಇದೆ. ಇದು ಹೊಗೆಸೊಪ್ಪಿನ ನಾಡು. ಬ್ಯಾರನ್ನಿನಲ್ಲಿ ಹದಗೊಂಡ ಸೊಪ್ಪು ತಂಬಾಕು ಮಂಡಳಿಯ ಹರಾಜಿನಲ್ಲಿ ಮಾರಾಟವಾದ ಮೇಲೆಯೇ ಎಷ್ಟೋ ಮನೆಗಳ ಸಾಲ ತೀರುತ್ತದೆ, ಚರ್ಚಿಗೆ ಕಾಣಿಕೆಯೂ ಬರುತ್ತದೆ. ಆ ಸೊಪ್ಪಿನಿಂದ ನಿಧಾನವಾಗಿ ಬರುವ ಸಾವನ್ನು ಯಾವ ಸದನವೂ ದುರಂತವೆಂದು ಚರ್ಚಿಸುವುದಿಲ್ಲ. ಅದು ಬೇರೆಯೇ ಲೇಖನದ ವಸ್ತು. ಕುಡುಕನ ಕಡೆ ಬೆರಳು ತೋರುವ ಮುನ್ನ ನೆನಪಿದ್ದರೆ ಸಾಕು.

ಕೊನೆಯದಾಗಿ ಶವಸಂಸ್ಕಾರದ ವಿಷಯ. ಕುಡಿದು ಸತ್ತವನಿಗೆ ಧರ್ಮಸಭೆಯ ವಿಧಿ ಸಲ್ಲುವುದೇ ಎಂಬ ಸಂಕೋಚ ಕೆಲವು ಊರುಗಳಲ್ಲಿ ಕುಟುಂಬದವರಲ್ಲಿಯೇ ಇರುತ್ತದೆ. ಹಿರಿಯರು ಬಂದು ಗುರುಗಳ ಬಳಿ ತಗ್ಗಿದ ದನಿಯಲ್ಲಿ ವಿಚಾರಿಸುತ್ತಾರೆ. 1983ರ ಧರ್ಮಸಭಾ ಸಂಹಿತೆಯ 1184ನೇ ಕಲಮು ನಿರಾಕರಿಸಲು ಹೇಳುವುದು ಬಹಿರಂಗವಾಗಿ ವಿಶ್ವಾಸವನ್ನು ತೊರೆದವರಿಗೆ ಹಾಗೂ ಭಕ್ತರಿಗೆ ಸಾರ್ವಜನಿಕ ಎಡವಾಗುವಂಥ ಪ್ರಕಟ ಪಾಪಿಗಳಿಗೆ, ಅದೂ ಸಾವಿಗೆ ಮುನ್ನ ಪಶ್ಚಾತ್ತಾಪದ ಯಾವ ಕುರುಹೂ ಇಲ್ಲದಾಗ. ಸಂದೇಹವಿದ್ದರೆ ಧರ್ಮಾಧ್ಯಕ್ಷರನ್ನು ಕೇಳಬೇಕು. ವಿಷಮದ್ಯ ಕುಡಿದು ಸತ್ತ ಕೂಲಿಯವನು ಆ ಪಟ್ಟಿಯಲ್ಲಿಲ್ಲ. ಹಿರಿಯರಿಗೆ ಇದನ್ನು ಬಾಗಿಲಲ್ಲೇ ಹೇಳಿ, ಗಂಟೆ ಬಾರಿಸಲು ತಿಳಿಸಿ, ಅವರೊಡನೆ ಆ ಮನೆಗೆ ಹೋಗಬೇಕು.